ಟಿಪ್ಪು, ಇತಿಹಾಸ ಮತ್ತು ನಮ್ಮ ನೆನಪು

ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಟಿಪ್ಪು ಸುಲ್ತಾನನ ಹೆಸರು ಪಠ್ಯಪುಸ್ತಕದಿಂದ ಬಂದುದಲ್ಲ, ಹಿರಿಯರ ಬಾಯಿಂದ ಬಂದುದು. 1784ರ ತಪಸ್ಸುಕಾಲ ಆರಂಭವಾಗುವ ಹೊತ್ತಿಗೆ ಕೆನರಾ ಸೀಮೆಯ ಕಥೋಲಿಕರನ್ನು ಊರೂರುಗಳಿಂದ ಹಿಡಿದು ತಂದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದುದು. ದಾರಿಯಲ್ಲೂ ಸೆರೆಯಲ್ಲೂ ಲೆಕ್ಕವಿಲ್ಲದಷ್ಟು ಜನ ಅಳಿದುದು. ಯುವಕರನ್ನು ಬಲವಂತದಿಂದ ಮತಾಂತರಿಸಿ ಸೈನ್ಯದ ದಳಗಳಿಗೆ ಸೇರಿಸಿದುದು. ದೇವಾಲಯಗಳನ್ನು ನೆಲಸಮ ಮಾಡಿದುದು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಬದುಕುಳಿದವರು ಮರಳಿ ಬಂದಾಗ ತಮ್ಮ ಹೊಲಗದ್ದೆಗಳು ಇತರರ ಕೈ ಸೇರಿದ್ದುದನ್ನು ಕಂಡುದು - ಇವೆಲ್ಲವೂ ಸಮುದಾಯದ ನೆನಪಿನಲ್ಲಿ ಹದಿನೈದು ವರ್ಷಗಳ ಒಂದೇ ದೀರ್ಘ ರಾತ್ರಿಯಾಗಿ ಉಳಿದಿವೆ. ಆ ರಾತ್ರಿ ಕಟ್ಟುಕಥೆಯಲ್ಲ. ಶತ್ರುಗಳಾದ ಆಂಗ್ಲರು ಮಾತ್ರವಲ್ಲ, ಸುಲ್ತಾನನ ಕಡೆಯ ಪರ್ಷಿಯನ್ ಬರಹಗಳೂ ಅದನ್ನು ದಾಖಲಿಸಿವೆ.

ಒಂದು ಸಮುದಾಯದ ಇಂಥ ನೆನಪು ಸಾರ್ವಜನಿಕ ಚರ್ಚೆಯ ಕಟಕಟೆಗೆ ಬಂದು ನಿಂತಾಗ ಅದಕ್ಕೆ ಏನಾಗುತ್ತದೆ ಎಂಬುದನ್ನು ಕಳೆದ ಕೆಲವು ವರ್ಷಗಳು ನಮಗೆ ತೋರಿಸಿಕೊಟ್ಟಿವೆ. 2015ರಲ್ಲಿ ಅಂದಿನ ಕಾಂಗ್ರೆಸ್ ಸರ್ಕಾರ ನವೆಂಬರ್ 10ರಂದು ಟಿಪ್ಪು ಜಯಂತಿಯನ್ನು ಸರ್ಕಾರಿ ಆಚರಣೆಯಾಗಿ ಆರಂಭಿಸಿತು. ಮೊದಲ ವರ್ಷವೇ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿ ಸಂಭವಿಸಿತು. 2019ರ ಜುಲೈಯಲ್ಲಿ ಭಾರತೀಯ ಜನತಾ ಪಕ್ಷದ ಸರ್ಕಾರ ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ ಆಚರಣೆ ರದ್ದಾಯಿತು. ಈ ನಡುವೆ 2017ರ ಅಕ್ಟೋಬರಿನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರು ವಿಧಾನಸೌಧದಲ್ಲಿ ನಿಂತು, ಆಂಗ್ಲರ ವಿರುದ್ಧ ಹೋರಾಡುತ್ತಾ ವೀರಮರಣ ಹೊಂದಿದವನೆಂದು ಟಿಪ್ಪುವನ್ನು ಸ್ಮರಿಸಿದಾಗ ಒಂದು ಪಕ್ಷ ಮೇಜು ಕುಟ್ಟಿ ಸಂತೋಷಪಟ್ಟಿತು, ಇನ್ನೊಂದು ಪಕ್ಷ ಮುಜುಗರಪಟ್ಟಿತು. ಈ ಮುಜುಗರಕ್ಕೂ ಒಂದು ಪೂರ್ವಕಥೆಯಿದೆ. ಜಯಂತಿಯನ್ನು ರದ್ದುಗೊಳಿಸಿದವರಲ್ಲೇ ಕೆಲವರು 2012ರ ಸುಮಾರಿಗೆ, ಮತಗಳ ಗಣಿತ ಬೇರೆ ಇದ್ದಾಗ, ಟಿಪ್ಪುವಿನ ಪೇಟ ಧರಿಸಿ ವೇದಿಕೆಯ ಮೇಲೆ ನಿಂತಿದ್ದರು. ಹದಿನೆಂಟನೆಯ ಶತಮಾನದ ಯಾವ ಹೊಸ ದಾಖಲೆಯೂ ಈ ಏಳು ವರ್ಷಗಳಲ್ಲಿ ಅವರ ಕೈಗೆ ಸಿಕ್ಕಿರಲಿಲ್ಲ.

ರಾಜಕೀಯ ಪಕ್ಷಪಾತವೆಂದರೆ ಸುಳ್ಳು ಹೇಳುವುದೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನನಗೆ ತೋರುವಂತೆ ಅದರ ಮೊದಲ ಕೆಲಸ ಸುಳ್ಳಲ್ಲ, ಆಯ್ಕೆ. ಶೃಂಗೇರಿಯ ಉದಾಹರಣೆಯನ್ನೇ ನೋಡೋಣ. 1791ರಲ್ಲಿ ಮರಾಠಾ ಸೈನ್ಯದ ಜೊತೆಗಿದ್ದ ಕುದುರೆಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿತು. ಆಗ ಟಿಪ್ಪು ಅಲ್ಲಿನ ಜಗದ್ಗುರುಗಳಿಗೆ ಗೌರವಪೂರ್ವಕವಾಗಿ ಪತ್ರ ಬರೆದು, ಶಾರದಾಂಬೆಯ ಮೂರ್ತಿಯ ಪುನಃಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಕಳುಹಿಸಿದನು. ಕನ್ನಡದಲ್ಲಿರುವ ಆ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಅವುಗಳ ಪ್ರಾಮಾಣ್ಯವನ್ನು ಪ್ರಶ್ನಿಸಲು ಕಾರಣವಿಲ್ಲ. ಜಯಂತಿಯ ವೇದಿಕೆಗಳಲ್ಲಿ ಈ ಪತ್ರಗಳು ತಪ್ಪದೆ ಕೇಳಿಬರುತ್ತವೆ. ಅಲ್ಲಿ ಕೆನರಾದ ಸೆರೆಯ ಮಾತು ಬರುವುದಿಲ್ಲ. ವಿರೋಧದ ವೇದಿಕೆಗಳಲ್ಲಿ ಕೆನರಾದ ಸೆರೆ, ಕೊಡಗಿನ ಸೆರೆ, ಮಲಬಾರಿನ ನಾಯರರ ಸಂಕಟ ಕೇಳಿಬರುತ್ತವೆ. ಶೃಂಗೇರಿಯ ಮಾತು ಬರುವುದಿಲ್ಲ, ಲೂಟಿ ಮಾಡಿದವರು ಯಾರು ಎಂಬುದಂತೂ ಬರುವುದೇ ಇಲ್ಲ. ಎರಡೂ ಕಡೆ ಹೇಳುವ ಒಂದೊಂದು ವಾಕ್ಯವೂ ಸತ್ಯವಾಗಿದ್ದು, ಒಟ್ಟು ಭಾಷಣ ಅಸತ್ಯವಾಗಿರಲು ಸಾಧ್ಯ. ಕೆನರಾದ ಆಜ್ಞೆಗೂ ಶೃಂಗೇರಿಯ ಪತ್ರಕ್ಕೂ ನಡುವೆ ಇರುವುದು ಕೇವಲ ಏಳು ವರ್ಷ. ಮುದ್ರೆ ಒತ್ತಿದ ಕೈ ಒಂದೇ. ಅರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ ಇರುವುದೇ ಇಲ್ಲಿ: ಒಂದು ಪ್ರಜಾಸಮುದಾಯದ ಗುರುಪೀಠವನ್ನು ಗೌರವಿಸಿದ ದೊರೆ, ಇನ್ನೊಂದನ್ನು ಬೇರುಸಹಿತ ಕಿತ್ತುದೇಕೆ? ಯುದ್ಧಕಾಲದಲ್ಲಿ ಆಂಗ್ಲರಿಗೆ ನೆರವಾದರೆಂಬ ಶಂಕೆಯೇ? ಪರಕೀಯರ ಧರ್ಮವೆಂಬ ತಿರಸ್ಕಾರವೇ? ರಾಜ್ಯದ ಭದ್ರತೆಯ ಲೆಕ್ಕಾಚಾರವೂ ಧಾರ್ಮಿಕ ಅಸಹನೆಯೂ ಬೆರೆತ ಕ್ರಮವೇ? ಮೊಹಿಬ್ಬುಲ್ ಹಸನ್ ತಮ್ಮ 1951ರ ಗ್ರಂಥದಲ್ಲಿ ಮೊದಲನೆಯ ಕಾರಣಕ್ಕೆ ಒತ್ತು ನೀಡುತ್ತಾರೆ. ಅದು ಪರಿಶೀಲನಾರ್ಹ ವಾದವೇ. ಆದರೆ ಕೆಲವರ ಮೇಲಿನ ಶಂಕೆಗಾಗಿ ತೊಟ್ಟಿಲ ಕೂಸಿನವರೆಗೆ ಶಿಕ್ಷೆ ವಿಧಿಸಿದುದನ್ನು ರಾಜಕೀಯ ಕ್ರಮವೆಂದು ಕರೆದ ಮಾತ್ರಕ್ಕೆ ಅದರ ಕ್ರೌರ್ಯ ಕಡಿಮೆಯಾಗದು.

ಸಂಖ್ಯೆಗಳ ವಿಷಯದಲ್ಲೂ ಇದೇ ಆಯ್ಕೆ ನಡೆಯುತ್ತದೆ. ಸೆರೆಯಾದವರು 30,000 ಎಂದು ಬರೆದವರಿದ್ದಾರೆ, 60,000 ಎಂದವರಿದ್ದಾರೆ, ಟಿಪ್ಪುವಿನ ಪತನದ ಬಳಿಕ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 70,000 ಎನ್ನುತ್ತಾನೆ, 80,000 ಎಂಬ ಲೆಕ್ಕವೂ ಉಂಟು. ಅಂದು ಜನಗಣತಿ ಇರಲಿಲ್ಲ. ಈ ಅಂತರ ಸಹಜವೇ. ಅಸಹಜವಾದುದೆಂದರೆ, ಭಾಷಣಕಾರನ ಪಕ್ಷ ಯಾವುದೆಂದು ತಿಳಿದರೆ ಅವನು ಯಾವ ಸಂಖ್ಯೆಯನ್ನು ಹೇಳುವನೆಂದು ಮೊದಲೇ ಊಹಿಸಬಹುದಾಗಿರುವುದು. ಇನ್ನು ಈ ಲೆಕ್ಕಗಳಲ್ಲಿ ಹಲವನ್ನು ಬರೆದವರು ಯಾರು? ವಿಲ್ಕ್ಸ್, ಕರ್ಕ್‌ಪ್ಯಾಟ್ರಿಕ್, ಮನ್ರೋ ಮೊದಲಾದವರು ಕಂಪನಿಯ ಸೇವೆಯಲ್ಲಿದ್ದವರು. ಸೋತ ದೊರೆ ಎಷ್ಟು ಕ್ರೂರಿಯೋ ಗೆದ್ದ ಕಂಪನಿ ಅಷ್ಟು ನ್ಯಾಯವಂತವೆಂದು ತೋರುವುದರಲ್ಲಿ ಅವರಿಗೆ ಹಿತಾಸಕ್ತಿಯಿತ್ತು. ಆದುದರಿಂದ ಅವರ ಬರಹಗಳನ್ನು ಎಚ್ಚರದಿಂದ ಓದಬೇಕು. ಎಚ್ಚರದಿಂದ ಓದುವುದೆಂದರೆ ಹರಿದು ಎಸೆಯುವುದಲ್ಲ ಎಂಬುದನ್ನು ನಮ್ಮ ಪ್ರಗತಿಪರ ಮಿತ್ರರು ಒಮ್ಮೊಮ್ಮೆ ಮರೆಯುತ್ತಾರೆ.

ರಂಗಭೂಮಿಯತ್ತ ತಿರುಗಿದರೆ ಎರಡು ನಾಟಕಗಳು ಎದುರುಬದುರಾಗಿ ನಿಂತಿವೆ. ಗಿರೀಶ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ 1997ರಲ್ಲಿ ಬಿಬಿಸಿ ಆಕಾಶವಾಣಿಗಾಗಿ ರಚಿತವಾದುದು. ಟಿಪ್ಪು ತನ್ನ ಕೈಯಿಂದಲೇ ಪರ್ಷಿಯನ್ ಭಾಷೆಯಲ್ಲಿ ಬರೆದಿಟ್ಟ ಕನಸುಗಳ ಹೊತ್ತಗೆ ಅದರ ಆಧಾರ. ಆಸ್ಥಾನದ ಇತಿಹಾಸಕಾರ ಕಿರ್ಮಾನಿಯನ್ನೂ ಕಂಪನಿಯ ಕಾಲಿನ್ ಮೆಕೆಂಜಿಯನ್ನೂ ಎದುರುಬದುರು ಕೂರಿಸಿ ಕಥೆ ಹೇಳಿಸುವ ತಂತ್ರದಲ್ಲೇ ಒಂದು ಪ್ರಾಮಾಣಿಕತೆಯಿದೆ: ಇದು ಯಾರ ಕಣ್ಣಿನಿಂದ ಕಂಡ ಇತಿಹಾಸ ಎಂದು ನಾಟಕವೇ ಕೇಳಿಕೊಳ್ಳುತ್ತದೆ. ಆದರೂ ಅಲ್ಲಿ ನಮ್ಮ ಮರುಕವೆಲ್ಲ ಅರ್ಧರಾಜ್ಯವನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಗಿ ಬಂದ ದೊರೆಯ ಕಡೆಗೇ ಹರಿಯುತ್ತದೆ. ಘಟ್ಟ ಹತ್ತಿ ನಡೆದ ತಾಯಂದಿರ ಕಡೆಗೆ ಅಲ್ಲ. ನಾಟಕಕಾರನಿಗೆ ತನ್ನ ವಸ್ತುವನ್ನು ಆರಿಸುವ ಹಕ್ಕಿದೆ. ಅದನ್ನೇ ಪೂರ್ಣ ಇತಿಹಾಸವೆಂದು ವೇದಿಕೆಗಳಲ್ಲಿ ಉಲ್ಲೇಖಿಸುವವರಿಗೆ ಆ ಹಕ್ಕಿಲ್ಲ.

ಇದಕ್ಕೆ ಉತ್ತರವೆಂಬಂತೆ 2022ರಲ್ಲಿ ಮೈಸೂರಿನ ರಂಗಾಯಣದಿಂದ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜ ಕನಸುಗಳು’ ಬಂದಿತು. ಅದರ ಶೀರ್ಷಿಕೆಯಲ್ಲಿರುವ ‘ನಿಜ’ ಎಂಬ ಪದವೇ ನನ್ನನ್ನು ಎಚ್ಚರಿಸಿತು. ಕೊಡವರ ನೋವು ಕನ್ನಡ ರಂಗಭೂಮಿಯಲ್ಲಿ ಬಹುಕಾಲ ಧ್ವನಿಯಿಲ್ಲದೆ ಉಳಿದಿತ್ತೆಂಬುದು ಒಪ್ಪತಕ್ಕ ಮಾತು. ಆದರೆ ಆ ನೋವಿಗೆ ಧ್ವನಿ ನೀಡುವ ಹಾದಿಯಲ್ಲಿ ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರೇ ಟಿಪ್ಪುವನ್ನು ಕೊಂದರೆಂಬ ಕಥೆ ಜನಪ್ರಿಯವಾಯಿತು. 1799ರ ಮೇ 4ರಂದು ಟಿಪ್ಪು ಕೋಟೆಯ ದ್ವಾರದ ಬಳಿ ಕಾದಾಡುತ್ತಾ ಬಿದ್ದುದನ್ನೂ, ಶವಗಳ ರಾಶಿಯ ನಡುವೆ ದೀಪದ ಬೆಳಕಿನಲ್ಲಿ ಅವನ ದೇಹವನ್ನು ಹುಡುಕಿದುದನ್ನೂ ಅಂದಿನವರು ವಿವರವಾಗಿ ಬರೆದಿದ್ದಾರೆ. ಆ ವಿವರಗಳಲ್ಲಿ ಈ ಇಬ್ಬರ ಸುಳಿವಿಲ್ಲ. 2023ರ ಮಾರ್ಚ್ ತಿಂಗಳಲ್ಲಿ, ವಿಧಾನಸಭಾ ಚುನಾವಣೆಗೆ ಎರಡು ತಿಂಗಳಿರುವಾಗ, ಮಂಡ್ಯದ ರಸ್ತೆಯಲ್ಲಿ ಅವರ ಹೆಸರಿನ ಸ್ವಾಗತ ಕಮಾನು ಎದ್ದಿತು. ಚಲನಚಿತ್ರದ ಘೋಷಣೆಯೂ ಆಯಿತು. ಕೊನೆಗೆ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಆಧಾರವಿಲ್ಲದ ಈ ವಿಷಯವನ್ನು ಕೈಬಿಡುವಂತೆ ಹೇಳಿದ ಮೇಲೆ ಚಿತ್ರದ ಪ್ರಯತ್ನ ನಿಂತಿತು. ತಮ್ಮ ಜನಾಂಗಕ್ಕೆ ಉಚಿತವಾಗಿ ಒದಗಿಬಂದ ವೀರಪಟ್ಟವನ್ನು ದಾಖಲೆಯಿಲ್ಲವೆಂಬ ಕಾರಣಕ್ಕೆ ಒಬ್ಬ ಧರ್ಮಗುರು ನಿರಾಕರಿಸುವುದು ಸಣ್ಣ ಸಂಗತಿಯಲ್ಲ. ಆಯ್ಕೆಯಿಂದ ಆರಂಭವಾದ ಪಕ್ಷಪಾತ ಕಲ್ಪನೆಯಲ್ಲಿ ಕೊನೆಗೊಳ್ಳುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ಕಾಲದಲ್ಲಿ ಸಿಗಲಾರದು.

ಇದೆಲ್ಲ ರಾಜಕಾರಣಿಗಳ ದೋಷವೆಂದು ಬೆರಳು ತೋರಿ ನಾವು ದೂರ ಸರಿಯುವಂತಿಲ್ಲ. ಗುರುಮಠದಲ್ಲಿ ಧರ್ಮಸಭೆಯ ಇತಿಹಾಸವನ್ನು ಓದಿದವರಿಗೆ ಹದಿನಾರನೆಯ ಶತಮಾನದ ಎರಡು ಬೃಹತ್ ಗ್ರಂಥಮಾಲೆಗಳು ನೆನಪಿರಬಹುದು. ಮಾಗ್ಡೆಬರ್ಗಿನ ಪ್ರಾಟೆಸ್ಟಂಟ್ ವಿದ್ವಾಂಸರು ಪೋಪರ ಪತನವನ್ನು ಸಾಧಿಸಿ ತೋರಲು ಶತಮಾನಕ್ಕೊಂದು ಸಂಪುಟ ಬರೆದರು. ಅದಕ್ಕೆ ಪ್ರತಿಯಾಗಿ ಕಾರ್ಡಿನಲ್ ಬರೋನಿಯಸ್ 1588ರಿಂದ ತಮ್ಮ ಸಂಪುಟಗಳನ್ನು ಹೊರತಂದರು. ಎರಡೂ ಕಡೆ ಅಪಾರ ಪಾಂಡಿತ್ಯ, ಎರಡೂ ಕಡೆ ತೀರ್ಪು ಮೊದಲು, ಸಾಕ್ಷಿ ಆಮೇಲೆ. ವ್ಯಾಟಿಕನ್ನಿನ ದಾಖಲೆ ಭಂಡಾರವನ್ನು ಹದಿಮೂರನೆಯ ಲಿಯೋ ಪೋಪರು ವಿದ್ವಾಂಸರಿಗೆ ತೆರೆದದ್ದು 1881ರಲ್ಲಿ. ಕ್ರೈಸ್ತರ ತಪ್ಪುಗಳಿಗಾಗಿ ಎರಡನೆಯ ಜಾನ್ ಪಾಲ್ ಪೋಪರು ಸಂತ ಪೇತ್ರರ ಮಹಾದೇವಾಲಯದಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದ್ದು 2000ದ ಮಾರ್ಚ್ 12ರಂದು. ಮುನ್ನೂರು, ನಾನೂರು ವರ್ಷಗಳು ಬೇಕಾದವು.

ಕೆನರಾದ ಸೆರೆಯನ್ನು ಹೇಳುವ ನಮ್ಮ ಬಗೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಸಣ್ಣದೊಂದು ವಿಷಯ. 1784ರ ಫೆಬ್ರವರಿ 24, ವಿಭೂತಿ ಬುಧವಾರದಂದು ನಮ್ಮವರು ಸೆರೆಯಾದರೆಂದು ಸ್ಮರಣ ಸಂಚಿಕೆಗಳಲ್ಲಿ ಬಹುಕಾಲದಿಂದ ಮುದ್ರಿಸುತ್ತಾ ಬಂದಿದ್ದೇವೆ. ಆ ವರ್ಷ ಪಾಸ್ಕ ಹಬ್ಬ ಬಂದುದು ಏಪ್ರಿಲ್ 11ರಂದು. ಅಲ್ಲಿಂದ ನಲವತ್ತಾರು ದಿನ ಹಿಂದೆ ಎಣಿಸಿದರೆ ವಿಭೂತಿ ಬುಧವಾರ ಫೆಬ್ರವರಿ 25. 24ನೆಯ ತಾರೀಖು ಮಂಗಳವಾರ. ಇದರಿಂದ ಘಟನೆ ಸುಳ್ಳಾಗುವುದಿಲ್ಲ. ಆದರೆ ಪಂಚಾಂಗ ಕೈಯಲ್ಲಿರುವ ಗುರುಗಳೇ ಇದನ್ನು ಎಣಿಸಿ ನೋಡಲಿಲ್ಲವೆಂದರೆ, ನೋವಿನ ಕಥೆಯನ್ನು ಪರೀಕ್ಷಿಸುವುದು ನೋವುಂಡವರಿಗೆ ಬಗೆವ ದ್ರೋಹವೆಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿದೆ ಎಂಬುದು ತಿಳಿಯುತ್ತದೆ. ಇದಕ್ಕಿಂತ ದೊಡ್ಡ ಮೌನಗಳೂ ಇವೆ. ಕೆನರಾದ ಕಥೋಲಿಕರಲ್ಲಿ ಬಹುಪಾಲು ಜನರ ಪೂರ್ವಜರು ಗೋವೆಯಿಂದ ವಲಸೆ ಬಂದವರು. ಬರಗಾಲ, ಯುದ್ಧಗಳ ಜೊತೆಗೆ 1560ರಲ್ಲಿ ಅಲ್ಲಿ ಸ್ಥಾಪಿತವಾದ ಧರ್ಮವಿಚಾರಣಾ ನ್ಯಾಯಾಲಯವೂ ಆ ವಲಸೆಗೆ ಕಾರಣವಾಯಿತು. ಒಬ್ಬ ಮುಸ್ಲಿಂ ದೊರೆಯ ಕಿರುಕುಳವನ್ನು ನೆನೆಯುವ ನಾವು ಸ್ವಧರ್ಮೀಯರ ಕಿರುಕುಳವನ್ನು ಅಡಿಟಿಪ್ಪಣಿಗೆ ತಳ್ಳಿದ್ದೇವೆ. ಮೂಡುಬಿದಿರೆಯ ಹೊಸಪೇಟೆ ದೇವಾಲಯ ನೆಲಸಮವಾಗದೆ ಉಳಿದುದು ಅಲ್ಲಿನ ಜೈನ ಅರಸರಾದ ಚೌಟರ ಕೋರಿಕೆಯಿಂದ ಎಂಬುದೂ ನಮ್ಮ ಪ್ರಸಂಗಗಳಲ್ಲಿ ಅಪರೂಪ.

ಈ ಮಾತುಗಳನ್ನು ಈಗ ಆಡಬೇಕಾದ ತುರ್ತು ಏನು? 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲೂ ಸುತ್ತಣ ಊರುಗಳಲ್ಲೂ ಕ್ರೈಸ್ತರ ಪ್ರಾರ್ಥನಾಲಯಗಳ ಮೇಲೆ ದಾಳಿಗಳು ನಡೆದವು. ಆರಾಧನೆಗೆ ಇರಿಸಿದ್ದ ಪರಮಪ್ರಸಾದಕ್ಕೂ ಅಪಚಾರವಾಯಿತು. ಅಂದು ಆ ದಾಳಿಗಳನ್ನು ಬಹಿರಂಗವಾಗಿ ಸಮರ್ಥಿಸಿದ ಬಣಗಳಿಂದಲೇ, ಏಳು ವರ್ಷಗಳ ಬಳಿಕ, 1784ರ ಕ್ರೈಸ್ತರಿಗಾಗಿ ಕಣ್ಣೀರು ಹರಿಯಿತು. ನಮ್ಮವರಲ್ಲಿ ಕೆಲವರು ಆ ಕಣ್ಣೀರನ್ನು ನಂಬಿ ಅದೇ ವೇದಿಕೆಯನ್ನು ಹಂಚಿಕೊಂಡರು. ಇನ್ನೊಂದು ಕಡೆಯಿಂದ ಜಾತ್ಯತೀತ ಮಿತ್ರರು ಮೆಲ್ಲನೆ ಹೇಳಿದರು: 1784ರ ಮಾತನ್ನು ಈಗ ಎತ್ತಬೇಡಿ, ಕೋಮುವಾದಿಗಳಿಗೆ ಅನುಕೂಲವಾಗುತ್ತದೆ. ಒಬ್ಬರಿಗೆ ನಮ್ಮ ಸತ್ತವರು ಸಾಕ್ಷಿಗಳಾಗಿ ಬೇಕು, ಇನ್ನೊಬ್ಬರಿಗೆ ಅವರು ಅಡಚಣೆ. ಆ ಸತ್ತವರು ಯಾರು, ಹೇಗೆ ನಡೆದರು, ಯಾವ ಊರಿನವರು ಎಂದು ಕೇಳುವ ವ್ಯವಧಾನ ಇಬ್ಬರಿಗೂ ಇಲ್ಲ. ಇದನ್ನು ಕೇಳಬಲ್ಲವರು ನಾವೇ. ಹಳೆಯ ಧರ್ಮಕೇಂದ್ರಗಳ ಸ್ನಾನದೀಕ್ಷೆಯ ದಾಖಲೆಗಳು, ಗೋವೆಯ ಪೋರ್ಚುಗೀಸ್ ಕಡತಗಳು, ಪರ್ಷಿಯನ್ ಪತ್ರಗಳು, ಕೊಂಕಣಿ ಮನೆಮಾತಿನ ನೆನಪುಗಳು - ಇವುಗಳನ್ನು ಒಟ್ಟಿಗೆ ಇರಿಸಿ ಓದಿದ, ಸಾಮಾನ್ಯ ಕನ್ನಡ ಓದುಗನ ಕೈಗೆ ನೀಡಬಹುದಾದ ಒಂದು ಗ್ರಂಥವನ್ನು ಸಿದ್ಧಪಡಿಸುವುದು ನಮ್ಮ ಧರ್ಮಪ್ರಾಂತ್ಯಗಳ ಶಕ್ತಿಗೆ ಮೀರಿದ್ದಲ್ಲ.

ಅಂಥ ಗ್ರಂಥದಲ್ಲಿ ಒಂದು ಅಧ್ಯಾಯ ಶ್ರೀರಂಗಪಟ್ಟಣದ ಪತನದ ನಂತರದ ದಿನಗಳಿಗೆ ಮೀಸಲಾಗಬೇಕು. ಚದುರಿಹೋದ ಕ್ರೈಸ್ತರನ್ನು ಮತ್ತೆ ಕೂಡಿಸಲು ಅಬ್ಬೆ ದುಬಾ ಎಂಬ ಫ್ರೆಂಚ್ ಗುರುಗಳು ಅಲ್ಲಿಗೆ ಬಂದರು. ಗಂಜಾಂನಲ್ಲಿ ಇಂದಿಗೂ ಅವರ ಹೆಸರಿನಿಂದ ಗುರುತಿಸುವ ದೇವಾಲಯವಿದೆ. ಬಲವಂತದಿಂದ ಧರ್ಮ ಬಿಟ್ಟವರನ್ನು ಮರಳಿ ಸೇರಿಸಿಕೊಳ್ಳುವುದು ಅವರ ಮುಂದಿದ್ದ ಕೆಲಸ. ಹಲವರು ಬಂದರು, ಅವರಲ್ಲಿ ಸಾವಿರಾರು ಜನ ಘಟ್ಟ ಇಳಿದು ಕರಾವಳಿ ಸೇರಿದರು. ಎಲ್ಲರೂ ಬರಲಿಲ್ಲ. ಹದಿನೈದು ವರ್ಷಗಳಲ್ಲಿ ಅಲ್ಲೇ ಮದುವೆಯಾದವರಿದ್ದರು, ಅಲ್ಲೇ ಮಕ್ಕಳಾದವರಿದ್ದರು, ಹೊಸ ಹೆಸರಿನಲ್ಲೇ ಮೈಸೂರು ಸೀಮೆಯಲ್ಲಿ ನೆಲೆ ನಿಂತವರಿದ್ದರು. ಅವರ ಸಂತತಿ ಇಂದು ಯಾರ ನಡುವೆ, ಯಾವ ಬೀದಿಯಲ್ಲಿ ಬಾಳುತ್ತಿದೆ ಎಂದು ಜಯಂತಿಯ ಪರ ಸಭೆಯೂ ಕೇಳಲಿಲ್ಲ, ವಿರೋಧದ ಸಭೆಯೂ ಕೇಳಲಿಲ್ಲ.