ಸಮುದ್ರದ ಮಗ್ಗುಲಲ್ಲೊಂದು ಈಜುಕೊಳ

ಮಾಲ್ಡೀವ್ಸ್‌ನ ಯಾವುದಾದರೂ ರೆಸಾರ್ಟಿನ ಕರಪತ್ರವನ್ನು ಕೈಗೆತ್ತಿಕೊಳ್ಳಿ. ಕಣ್ಣು ಹಾಯುವಷ್ಟು ದೂರವೂ ನೀರು. ನೀರಿನ ಮೇಲೆ ಕಂಬ ಊರಿ ನಿಲ್ಲಿಸಿದ ವಿಲ್ಲಾ. ಅದರ ಮುಂದೆ ಹಲಗೆ ಹಾಸಿದ ಜಗಲಿ, ಜಗಲಿಯಲ್ಲಿ ಒಂದು ಪುಟ್ಟ ಈಜುಕೊಳ. ಕೊಳದಿಂದ ನಾಲ್ಕು ಹೆಜ್ಜೆ ಇಟ್ಟರೆ ಹಿಂದೂ ಮಹಾಸಾಗರಕ್ಕೆ ಇಳಿಯುವ ಮೆಟ್ಟಿಲು. ಇಷ್ಟು ಸಮುದ್ರ ಇರುವಾಗ ಕೊಳ ಯಾಕೆ ಬೇಕು? ಮಧುಚಂದ್ರಕ್ಕೆಂದು ದ್ವೀಪ ಹುಡುಕುವ ಜೋಡಿಗಳು ಈ ಪ್ರಶ್ನೆ ಕೇಳುವುದಿಲ್ಲ. ಅವರು ಮೊದಲು ಕೇಳುವುದೇ ‘ಪ್ರೈವೇಟ್ ಪೂಲ್ ಇದೆಯಾ?’ ಎಂದು.

ಪ್ರವಾಸ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಕರಪತ್ರಗಳು ಆ ಕಥನಗಳ ಕಡೆಯ ಕುಡಿಗಳಂತೆ ಕಾಣುತ್ತವೆ. ಸಾಹಿತ್ಯ ವಿಮರ್ಶೆ ಇವುಗಳನ್ನು ಮುಟ್ಟುವುದಿಲ್ಲ, ಮುಟ್ಟಿದರೂ ಮೂಗು ಹಿಡಿದು ಮುಟ್ಟುತ್ತದೆ. ಆದರೆ ನಮ್ಮ ವಯಸ್ಸಿನವರು ತಮ್ಮ ಬದುಕಿನ ಒಂದು ದೊಡ್ಡ ಖರ್ಚಿಗೆ ಮುಂಚೆ ಸಾಲು ಸಾಲಾಗಿ, ಪದ ಪದವಾಗಿ ಓದುವ ಗದ್ಯ ಇದೇ. ಎರಡು ವಾರ ಹಗಲೂ ರಾತ್ರಿ ಒಂದೇ ಪುಟವನ್ನು ಮತ್ತೆ ಮತ್ತೆ ಓದುವ ಓದುಗರು ನಮ್ಮ ಎಷ್ಟು ಕವಿಗಳಿಗೆ ಸಿಕ್ಕಾರು?

ಈ ಗದ್ಯಕ್ಕೊಂದು ವಂಶಾವಳಿ ಇದೆ. ಫ್ರೆಂಚ್ ನಾವಿಕ ಬೂಗನ್‌ವಿಲ್ 1768ರಲ್ಲಿ ತಹಿತಿಗೆ ಬಂದಿಳಿದು ಆ ದ್ವೀಪಕ್ಕೆ ‘ಹೊಸ ಸಿಥೆರಾ’ ಎಂದು ಹೆಸರಿಟ್ಟ. ಸಿಥೆರಾ ಎಂದರೆ ಗ್ರೀಕರ ಪ್ರೇಮದೇವತೆಯ ದ್ವೀಪ. ಉಷ್ಣವಲಯದ ದ್ವೀಪ ಎಂದರೆ ಪ್ರಣಯ ಎಂಬ ಸಮೀಕರಣ ಯುರೋಪಿನ ಓದುಗರ ತಲೆಯೊಳಗೆ ಗಟ್ಟಿಯಾಗಿ ಕೂತದ್ದು 1771ರಲ್ಲಿ ಬಂದ ಅವನ ಪ್ರವಾಸ ಗ್ರಂಥದಿಂದ. ಅದಕ್ಕೂ ಮುಂಚೆ, 1719ರ ‘ರಾಬಿನ್ಸನ್ ಕ್ರೂಸೋ’ ಇನ್ನೊಂದು ಸಮೀಕರಣ ಕೊಟ್ಟಿತ್ತು: ದ್ವೀಪ ಎಂದರೆ ಒಬ್ಬನೇ ಒಡೆಯ. ಇವೆರಡನ್ನೂ ಕೂಡಿಸಿದರೆ ಇವತ್ತಿನ ಕರಪತ್ರ ಸಿಗುತ್ತದೆ. ಕ್ರೂಸೋಗೆ ಒಬ್ಬ ಹೆಂಡತಿ, ಒಂದು ಏಸಿ, ಬೆಳಗಿನ ತಿಂಡಿ.

ನೀರಿನ ಮೇಲಿನ ವಿಲ್ಲಾದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಫ್ರೆಂಚ್ ಪಾಲಿನೇಷ್ಯಾದಲ್ಲಿ ಕ್ಯಾಲಿಫೋರ್ನಿಯಾದ ಮೂವರು ಗೆಳೆಯರು ‘ಬಾಲಿ ಹಾಯ್’ ಎಂಬ ಹೋಟೆಲು ನಡೆಸುತ್ತಿದ್ದರು. ರಾಯತೇಯಾ ದ್ವೀಪದಲ್ಲಿ ಅವರಿಗೆ ಸಿಕ್ಕ ಜಾಗದಲ್ಲಿ ಮರಳಿನ ತೀರವೇ ಇರಲಿಲ್ಲ. ಹಾಗಾಗಿ 1967ರಲ್ಲಿ ನೀರಿನ ಮೇಲೇ ಗುಡಿಸಲು ಕಟ್ಟಿದರು. ಇವತ್ತು ಐಷಾರಾಮದ ತುದಿ ಎನಿಸಿಕೊಂಡಿರುವುದು ಹುಟ್ಟಿದ್ದು ಒಂದು ಕೊರತೆಗೆ ಹಚ್ಚಿದ ತೇಪೆಯಾಗಿ. ಇನ್ನು ‘ಬಾಲಿ ಹಾಯ್’ ಎಂಬ ಹೆಸರು ಬಂದದ್ದು ಜೇಮ್ಸ್ ಮಿಚೆನರ್‌ನ ಕಥೆಗಳಿಂದ, ಆ ಕಥೆಗಳನ್ನು ಆಧರಿಸಿದ ‘ಸೌತ್ ಪೆಸಿಫಿಕ್’ ಎಂಬ 1949ರ ಸಂಗೀತ ನಾಟಕದಿಂದ. ಅದರಲ್ಲಿ ಬಾಲಿ ಹಾಯ್ ಎನ್ನುವುದು ಸೈನಿಕರು ದೂರದಿಂದ ನೋಡಿ ಹಂಬಲಿಸುವ ದ್ವೀಪ. ಕಥೆಯೊಳಗಿನ ದ್ವೀಪದಿಂದ ಹೋಟೆಲು, ಹೋಟೆಲಿನಿಂದ ವಿಲ್ಲಾ, ವಿಲ್ಲಾದಿಂದ ನಮ್ಮ ಮೊಬೈಲ್ ಪರದೆ. ಸಾಹಿತ್ಯದಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ಇದನ್ನು ತೋರಿಸಬಹುದು.

ಮಾಲ್ಡೀವ್ಸ್‌ನದೇ ಪ್ರವಾಸ ಕಥನಗಳು ಮಾತ್ರ ಈ ಅಚ್ಚಿಗೆ ಸರಿಯಾಗಿ ಹೊಂದುವುದಿಲ್ಲ. ಇಬ್ನ್ ಬತೂತಾ 1343ರಲ್ಲಿ ಅಲ್ಲಿಗೆ ಹೋದ, ಖಾಜಿಯಾದ, ಹಲವು ಮದುವೆಗಳನ್ನೂ ಆದ. ಆ ದ್ವೀಪಗಳಲ್ಲಿ ಮದುವೆ ಬಲು ಸಲೀಸು, ಹಡಗು ಬಂದಾಗ ನಾವಿಕರು ಮದುವೆಯಾಗುತ್ತಾರೆ, ಹಡಗು ಹೊರಡುವಾಗ ಬಿಡುಗಡೆ ಕೊಡುತ್ತಾರೆ, ಅಲ್ಲಿನ ಹೆಂಗಸರು ಊರು ಬಿಟ್ಟು ಹೋಗುವವರಲ್ಲ ಎಂದು ಬರೆದಿದ್ದಾನೆ. ಅವರು ಮೈಮೇಲೆ ಪೂರ್ತಿ ಬಟ್ಟೆ ಹಾಕಿಕೊಳ್ಳುವಂತೆ ಮಾಡಲು ಖಾಜಿಯಾಗಿ ತಾನು ಹೆಣಗಿ ಸೋತೆನೆಂದೂ ಒಪ್ಪಿಕೊಳ್ಳುತ್ತಾನೆ. ಇವತ್ತು ಜನವಸತಿಯ ದ್ವೀಪಗಳಲ್ಲಿ ಸ್ಥಳೀಯ ಹೆಂಗಸರು ಮೈತುಂಬ ಬಟ್ಟೆಯಲ್ಲಿರುತ್ತಾರೆ. ಹೊರಗಿನವರ ಬಿಕಿನಿಗೆ ಬೇರೆಯೇ ಕಡಲತೀರ ಗೊತ್ತು ಮಾಡಿ ಮರೆ ಕಟ್ಟಿರುತ್ತಾರೆ. ಏಳು ಶತಮಾನಗಳಲ್ಲಿ ಯಾರ ಮೈಗೆ ಯಾರು ಪರದೆ ಹುಡುಕುತ್ತಾರೆ ಎಂಬುದು ಹೀಗೆ ತಿರುಗುಮುರುಗಾಗಿದೆ.

ಇನ್ನೊಬ್ಬ ಫ್ರಾನ್ಸ್ವಾ ಪಿರಾರ್. 1602ರಲ್ಲಿ ಅವನ ಹಡಗು ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಐದು ವರ್ಷ ಅಲ್ಲೇ ಸೆರೆಯಾಳಿನಂತಿದ್ದು, ದಿವೇಹಿ ಭಾಷೆ ಕಲಿತು, ಆಮೇಲೆ ಊರು ಸೇರಿ ಪುಸ್ತಕ ಬರೆದ. ‘ಅಟಾಲ್’ ಎಂಬ ಪದ ದಿವೇಹಿಯಿಂದ ಯುರೋಪಿನ ಭಾಷೆಗಳಿಗೆ ಹೋದ ದಾರಿಯಲ್ಲಿ ಅವನ ಪುಸ್ತಕವೂ ಇದೆ. ಅವನ ಹಡಗಿನ ಹೆಸರು ‘ಕೋರ್ಬಿನ್’. ಸುಮಾರು 370 ವರ್ಷಗಳ ಮೇಲೆ ಮಾಲ್ಡೀವ್ಸ್‌ಗೆ ಪ್ರವಾಸಿಗರನ್ನು ಕರೆತಂದು ಆ ಉದ್ಯಮಕ್ಕೆ ನಾಂದಿ ಹಾಡಿದ ಇಟಲಿಯವನ ಹೆಸರು ಜಾರ್ಜ್ ಕೋರ್ಬಿನ್. ಕಾದಂಬರಿಯಲ್ಲಿ ಹೀಗೆ ಬರೆದರೆ ಯಾವ ವಿಮರ್ಶಕರೂ ಒಪ್ಪುವುದಿಲ್ಲ. 1972ರಲ್ಲಿ ಮೊದಲ ರೆಸಾರ್ಟ್ ‘ಕುರುಂಬಾ’ ಶುರುವಾಯಿತು: ಮೂವತ್ತು ಕೋಣೆ, ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಸೂರು. ‘ಕುರುಂಬಾ’ ಎಂದರೆ ದಿವೇಹಿಯಲ್ಲಿ ಎಳನೀರು. ಕೊಳದ ಮಾತು ಆಗ ಇರಲಿಲ್ಲ.

ಆಮೇಲೆ ಬೆಳೆದದ್ದು ‘ಒಂದು ದ್ವೀಪಕ್ಕೆ ಒಂದು ರೆಸಾರ್ಟ್’ ಎಂಬ ಏರ್ಪಾಡು. ಸುಮಾರು 1,200 ದ್ವೀಪಗಳಲ್ಲಿ ಊರು ಇರುವುದು 200ರ ಆಸುಪಾಸು. ಉಳಿದವುಗಳಲ್ಲಿ ಕೆಲವನ್ನು ರೆಸಾರ್ಟಿಗೆ ಗುತ್ತಿಗೆ ಕೊಟ್ಟರು. ಊರಿನ ದ್ವೀಪದಲ್ಲಿ ಸಿಗದ ಮದ್ಯ ರೆಸಾರ್ಟಿನ ದ್ವೀಪದಲ್ಲಿ ಸಿಗುತ್ತದೆ. ‘ನಿರ್ಜನ ದ್ವೀಪ’ ಎಂದು ಕರಪತ್ರ ಹೇಳುವಾಗ ಅದು ಸುಳ್ಳಲ್ಲ, ಕಾನೂನಿನ ಪ್ರಕಾರ ಸತ್ಯ. ಆದರೆ ಅಲ್ಲಿ ಅಡುಗೆಯವರು, ತೋಟದವರು, ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರ ನೋಡಿಕೊಳ್ಳುವವರು ಇರುತ್ತಾರೆ. ಬಾಂಗ್ಲಾದೇಶ, ಶ್ರೀಲಂಕಾ, ನಮ್ಮ ದೇಶದವರೂ ಇರುತ್ತಾರೆ. ದ್ವೀಪದ ನಡುಮಧ್ಯೆ, ಗಿಡಗಳ ಮರೆಯಲ್ಲಿ ಅವರ ವಸತಿ.

ಇವರನ್ನು ಮರೆಮಾಡುವ ಕೆಲಸವನ್ನು ವ್ಯಾಕರಣವೂ ಮಾಡುತ್ತದೆ. ‘ನಿಮ್ಮ ಕೊಳದಲ್ಲಿ ತೇಲುವ ತಟ್ಟೆಯಲ್ಲಿ ಉಪಾಹಾರ ಬಡಿಸಲಾಗುತ್ತದೆ’, ‘ಹಾಸಿಗೆಯ ಮೇಲೆ ಹೂಗಳಿಂದ ಅಲಂಕರಿಸಲಾಗಿರುತ್ತದೆ’. ಕನ್ನಡದಲ್ಲಿ ನಾವು ಹೀಗೆ ಮಾತಾಡುವುದಿಲ್ಲ. ಯಾರೋ ಬಡಿಸುತ್ತಾರೆ, ಯಾರೋ ಹಾಸುತ್ತಾರೆ. ಕರ್ಮಣಿ ಪ್ರಯೋಗ ನಮ್ಮಲ್ಲಿ ಸರ್ಕಾರಿ ಸುತ್ತೋಲೆಗೆ ಮೀಸಲು. ಟ್ರಾವೆಲ್ ಏಜೆನ್ಸಿಗಳ ಕನ್ನಡ ಜಾಹೀರಾತು ಓದುವಾಗ ತಹಶೀಲ್ದಾರರ ಕಚೇರಿಯಿಂದ ಮಧುಚಂದ್ರಕ್ಕೆ ಕರೆ ಬಂದ ಹಾಗೆ ಕೇಳುವುದು ಇದಕ್ಕೇ.

ಈ ಬಗೆಯ ಬರಹವನ್ನು ಬಿಚ್ಚಿ ನೋಡಿದ ದೊಡ್ಡವರಿದ್ದಾರೆ. ಡೆರೆಕ್ ವಾಲ್ಕಾಟ್ 1992ರ ತನ್ನ ನೊಬೆಲ್ ಭಾಷಣದಲ್ಲಿ, ಪ್ರವಾಸಿ ಕರಪತ್ರಗಳಲ್ಲಿ ಕೆರಿಬಿಯನ್ ಸಮುದ್ರವೇ ಒಂದು ಈಜುಕೊಳವಾಗಿಬಿಡುವುದನ್ನು ಕಹಿಯಾಗಿ ಗೇಲಿ ಮಾಡಿದ. ಜಮೈಕಾ ಕಿಂಕೇಡ್ 1988ರ ‘ಎ ಸ್ಮಾಲ್ ಪ್ಲೇಸ್’ ಪುಸ್ತಕದಲ್ಲಿ ಆಂಟಿಗಾಕ್ಕೆ ಬಂದಿಳಿಯುವ ಪ್ರವಾಸಿಯನ್ನು ‘ನೀನು’ ಎಂದು ನೇರವಾಗಿ ಕರೆದು, ನೀನು ಈಜುವ ನೀರಿಗೆ ನಿನ್ನದೇ ಕೊಳಕು ಬಂದು ಸೇರುತ್ತಿರಬಹುದಲ್ಲ ಎಂದು ಕುಟುಕುತ್ತಾಳೆ. ಇಬ್ಬರೂ ನನಗೆ ಪಾಠ ಹೇಳಿದವರು. ಇಬ್ಬರ ಮುಂದೆಯೂ ಇದ್ದ ಪ್ರವಾಸಿ ಮಾತ್ರ ಉತ್ತರ ಅಮೆರಿಕದ ಅಥವಾ ಯುರೋಪಿನ ಬಿಳಿಯ. ತುಮಕೂರಿನ ಹುಡುಗಿಯೊಬ್ಬಳು ಅದೇ ಕರಪತ್ರ ಓದಿದಾಗ ಏನಾಗುತ್ತದೆ ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ಅದು ನಮ್ಮ ಕೆಲಸ.

ನನ್ನ ಚಿಕ್ಕಪ್ಪನ ಮಗಳಿಗೆ ಬರುವ ಮಾಘದಲ್ಲಿ ಮದುವೆ. ಮದುವೆಯಾದ ಮೇಲೆ ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಒಂದು ಕೋಣೆ ಅತ್ತೆ ಮಾವನಿಗೆ, ಇನ್ನೊಂದು ಇವರಿಗೆ, ಮೈದುನನಿಗೆ ಹಾಲ್. ಮೈದುನನ ಬಟ್ಟೆಯ ಬೀರು ಇರುವುದು ಇವರ ಕೋಣೆಯಲ್ಲಿ. ರೆಸಾರ್ಟ್ ಆರಿಸಲು ನನ್ನನ್ನು ಕೂರಿಸಿಕೊಂಡವಳ ಮುಂದೆ ನಾನು ವಾಲ್ಕಾಟ್‌ನ ಮಾತು ತೆಗೆದೆ. ‘ಅಕ್ಕಾ, ಸಮುದ್ರ ಇಲ್ಲದಿದ್ರೂ ನಡೆಯತ್ತೆ. ಯಾರೂ ಬಾಗಿಲು ಬಡಿಯಬಾರದು, ಅಷ್ಟೇ’ ಎಂದಳು.

ಪ್ರೈವೇಟ್ ಪೂಲ್ ಎಂಬ ಎರಡು ಪದಗಳಲ್ಲಿ ಅವಳಿಗೆ ಬೇಕಾಗಿದ್ದದ್ದು ಮೊದಲನೆಯದು ಮಾತ್ರ. ಕೊಳ ಎನ್ನುವುದು ಆ ‘ಖಾಸಗಿ’ಗೆ ಸಿಕ್ಕ ಸಾಕ್ಷಿ. ಸಮುದ್ರವನ್ನು ಯಾರೂ ತನ್ನದು ಎನ್ನಲಾಗದು, ಕೊಳವನ್ನು ಅನ್ನಬಹುದು. ಇಲ್ಲಿ ಕನ್ನಡ ನಮಗೆ ಒಂದು ಉಪಕಾರ ಮಾಡುತ್ತದೆ: ‘ಏಕಾಂತ’, ‘ಖಾಸಗಿ’ ಎಂದು ಎರಡು ಪದ ಕೊಡುತ್ತದೆ. ಏಕಾಂತ ಒಂದು ಸ್ಥಿತಿ, ಸಂತೆಯ ನಡುವೆಯೂ ಒದಗಬಹುದು. ಖಾಸಗಿ ಎಂದರೆ ಒಡೆತನ, ಬೇಲಿ ಬೇಕು. ಕರಪತ್ರ ಮಾರುವುದು ಖಾಸಗಿಯನ್ನು, ಆಸೆ ಹುಟ್ಟಿಸುವುದು ಏಕಾಂತದ ಬಗ್ಗೆ.

ನಮ್ಮ ಹೊಸ ದಂಪತಿಗಳಿಗೆ ಇವೆರಡೂ ಎಂದೂ ಸುಲಭವಾಗಿ ಸಿಕ್ಕಿದ್ದಲ್ಲ. ಪ್ರಸ್ಥ ಎಂದರೆ ಊರಿಗೆಲ್ಲ ಗೊತ್ತಿರುವ ರಾತ್ರಿ. ಬೀಗರೂಟ ಮುಗಿದ ಮೇಲೆ ಗಂಡ ಹೆಂಡತಿಯ ಮೊದಲ ಪ್ರವಾಸ ಮನೆದೇವರಿಗೆ, ಟೆಂಪೋ ಟ್ರಾವೆಲರಿನಲ್ಲಿ, ಹನ್ನೆರಡು ಜನರ ಜೊತೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942) ದಾಂಪತ್ಯದ ಕಾವ್ಯ ಎಂದು ಎಲ್ಲರೂ ಹೇಳುತ್ತೇವೆ. ಆ ದಾಂಪತ್ಯ ನಡೆಯುವುದು ಎಷ್ಟು ಜನರ ಕಣ್ಣೆದುರು ಎಂಬುದನ್ನು ಗಮನಿಸುವುದು ಕಡಿಮೆ. ರಾತ್ರಿ ಮಾವನ ಮನೆಗೆ ಬಂದ ಅಳಿಯನಿಗೆ ಉಪಚಾರಕ್ಕೆ ಇಡೀ ಮನೆಯೇ ಇದೆ, ಯಾರಿಗಾಗಿ ಬಂದನೋ ಅವಳೊಬ್ಬಳು ಕಾಣುವುದಿಲ್ಲ. ಆ ಪದ್ಯದ ತುಂಟತನ, ಅದರ ನವಿರಾದ ನೋವು ಎರಡೂ ಮನೆ ತುಂಬಿರುವುದರಿಂದಲೇ ಹುಟ್ಟಿದ್ದು. ಏಕಾಂತ ಅಲ್ಲಿ ಕದ್ದು ಪಡೆಯುವ ವಸ್ತು. ನೀರಿನ ಮೇಲಿನ ವಿಲ್ಲಾದಲ್ಲಿ ಆ ಅಳಿಯನನ್ನು ಕೂರಿಸಿದರೆ ಪದ್ಯ ಉಳಿಯುವುದಿಲ್ಲ. ಆದರೆ ಕಾವ್ಯ ಉಳಿಯಲೆಂದು ನನ್ನ ತಂಗಿ ಮೈದುನನ ಬೀರುವಿನ ಜೊತೆ ಮಲಗಬೇಕೆಂದು ಹೇಳುವ ಧೈರ್ಯ ನನಗಿಲ್ಲ.

ಹಾಗಾಗಿ ಇಬ್ಬರೂ ಕೂತು ಕರಪತ್ರವನ್ನು ಪಠ್ಯವಾಗಿ ಓದಿದೆವು. ಕೊಟ್ಟ ದರದ ಪಕ್ಕ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಅವಕ್ಕೆ ಅರ್ಥವಿದೆ: ಶೇ. 10 ಸೇವಾ ಶುಲ್ಕ, ಅದರ ಮೇಲೆ ಪ್ರವಾಸಿ ತೆರಿಗೆ. ಆ ತೆರಿಗೆ 2025ರ ಜುಲೈನಿಂದ ಶೇ. 17. ನೂರು ಡಾಲರಿನ ಕೋಣೆ ಅಲ್ಲಿಗೆ ಸುಮಾರು 129 ಡಾಲರ್. ಹಸಿರು ತೆರಿಗೆ ಬೇರೆ, ರೆಸಾರ್ಟುಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್. ‘ರಮ್ಯ ಸೀಪ್ಲೇನ್ ಪಯಣ’ ಎಂಬಲ್ಲಿ ಹೇಳದೆ ಬಿಟ್ಟ ಮಾತು, ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ ಎಂಬುದು. ಬೆಂಗಳೂರಿನ ವಿಮಾನ ಸಂಜೆ ಇಳಿದರೆ ಮಧುಚಂದ್ರದ ಮೊದಲ ರಾತ್ರಿ ವಿಮಾನ ನಿಲ್ದಾಣದ ಹತ್ತಿರದ ಯಾವುದೋ ಲಾಡ್ಜಿನಲ್ಲಿ. ಚಿತ್ರಗಳನ್ನು ಓದುವುದು ಇನ್ನೂ ಮುಖ್ಯ. ನೀರಿನ ವಿಲ್ಲಾದ ಫೋಟೊದಲ್ಲಿ ಪಕ್ಕದ ವಿಲ್ಲಾ ಎಂದೂ ಕಾಣುವುದಿಲ್ಲ. ಮೇಲಿನಿಂದ ತೆಗೆದ ಚಿತ್ರ ಹುಡುಕಿ ನೋಡಿದರೆ ಒಂದೇ ಸೇತುವೆಗೆ ಹುಣಸೆಕಾಯಿಯಂತೆ ಜೋತುಬಿದ್ದ ಸಾಲು ವಿಲ್ಲಾಗಳು. ಒಬ್ಬರ ಕೊಳ ಇನ್ನೊಬ್ಬರ ಜಗಲಿಗೆ ಕಾಣುವಂತಿದ್ದರೂ ಆಶ್ಚರ್ಯವಿಲ್ಲ. ಮರಳಿನ ಮೇಲೆ, ಗಿಡಗಂಟಿಯ ಹಿಂದಿರುವ ಬೀಚ್ ವಿಲ್ಲಾದ ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ, ಮರೆ ಅಲ್ಲೇ ಹೆಚ್ಚು. ಹೆಚ್ಚಿನ ಕಡೆ ಬೆಲೆಯೂ ಕಡಿಮೆ.

ಮಾಲೆ ನಗರದ ಬಗ್ಗೆ ಈ ಪಠ್ಯಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಸುಮಾರು 2 ಚದರ ಕಿಲೋಮೀಟರಿನ ಆ ದ್ವೀಪ ಜಗತ್ತಿನ ಅತಿ ಇಕ್ಕಟ್ಟಿನ ಊರುಗಳಲ್ಲೊಂದು. ಏಕಾಂತವನ್ನು ಲೋಕಕ್ಕೆಲ್ಲ ಮಾರುವ ದೇಶದ ರಾಜಧಾನಿಯಲ್ಲಿ ಮನೆ ಸಿಗುವುದೇ ದೊಡ್ಡ ಪಾಡು. ಅಲ್ಲಿನ ಹೊಸ ದಂಪತಿಗಳ ಕೋಣೆಯಲ್ಲೂ ಯಾರದೋ ಬೀರು ಇದ್ದೀತು. 2014ರ ಡಿಸೆಂಬರಿನಲ್ಲಿ ಮಾಲೆಯ ಸಿಹಿನೀರಿನ ಸ್ಥಾವರಕ್ಕೆ ಬೆಂಕಿ ಬಿದ್ದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿಗಳು ಒಣಗಿದವು. ನಮ್ಮ ವಾಯುಪಡೆಯ ವಿಮಾನಗಳು, ನೌಕಾಪಡೆಯ ಹಡಗು ಕುಡಿಯುವ ನೀರು ಒಯ್ದವು. ರೆಸಾರ್ಟುಗಳಿಗೆ ಅವುಗಳದೇ ಸ್ಥಾವರ ಇರುವುದರಿಂದ ಅಲ್ಲಿನ ಕೊಳಗಳ ನೀರಿಗೆ ಮಾಲೆಯ ನಲ್ಲಿಯ ಹಂಗಿಲ್ಲ. ಇದನ್ನು ತಂಗಿಗೆ ಹೇಳಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, ಕೊಳವಿಲ್ಲದ ವಿಲ್ಲಾಗಳ ದರವನ್ನೂ ನೋಡತೊಡಗಿದಳು. ಊರಿನ ದ್ವೀಪಗಳಲ್ಲಿ 2009ರ ನಂತರ ಬೆಳೆದ ಗೆಸ್ಟ್‌ಹೌಸುಗಳನ್ನೂ ನೋಡಿದಳು. ಮಾಫುಶಿಯಂಥ ಕಡೆ ರೆಸಾರ್ಟಿನ ಒಂದು ರಾತ್ರಿಯ ದುಡ್ಡಿನಲ್ಲಿ ಹಲವು ರಾತ್ರಿ ಕಳೆಯಬಹುದು. ಕೊಳ ಇಲ್ಲ, ಮದ್ಯ ಇಲ್ಲ, ಚಿಲಕ ಇರುವ ಕೋಣೆ ಇದೆ, ಹೊರಗೆ ಬಂದರೆ ಬೀದಿ ಇದೆ.

ಇನ್ನೂ ತೀರ್ಮಾನವಾಗಿಲ್ಲ. ತೊಡಕಾಗಿರುವುದು ಪಂಚಾಂಗ. ನಮ್ಮ ಮಾಘ ಫಾಲ್ಗುಣದ ಲಗ್ನಗಳು ಬರುವುದು ಅಲ್ಲಿ ಮಳೆಯಿಲ್ಲದ, ಯುರೋಪಿನವರು ಚಳಿ ತಪ್ಪಿಸಿಕೊಂಡು ಬರುವ, ದರ ನೆತ್ತಿಗೇರುವ ತಿಂಗಳುಗಳಲ್ಲಿ. ದರ ಇಳಿಯುವುದು ನೈರುತ್ಯ ಮುಂಗಾರಿನಲ್ಲಿ, ಜೂನ್ ಜುಲೈ ಹೊತ್ತಿಗೆ. ಆಗ ಹೋಗಿ ಎಂದು ನಾನು ಸೂಚಿಸಿದೆ. ಅಡುಗೆಮನೆಯಿಂದ ಚಿಕ್ಕಮ್ಮ ಕೂಗಿ ಹೇಳಿದರು, ಅದು ಆಷಾಢ, ಮೊದಲ ಆಷಾಢಕ್ಕೆ ಹುಡುಗಿಯನ್ನು ತವರಿಗೆ ಕರೆದುಕೊಂಡು ಬರಬೇಕು, ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರುವ ಹಾಗಿಲ್ಲ ಎಂದು.