ಕೂರುವವರೊಬ್ಬರು, ಕೊಳ್ಳುವವರೊಬ್ಬರು

ಆಫೀಸಿನ ಮೇಜು ಕುರ್ಚಿಗಳ ಮೇಲೆ ಸಂಶೋಧನೆ ಅಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ನಗು ಬರುತ್ತದೆ. ನಾಲ್ಕು ಕಾಲು, ಒಂದು ಬೆನ್ನು, ಅದರಲ್ಲಿ ಸಂಶೋಧಿಸುವುದೇನಿದೆ? ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಝೀಲೆಂಡ್ ಅಂತ ಒಂದು ಸಣ್ಣ ಊರು. ಅಲ್ಲಿಯ ಹರ್ಮನ್ ಮಿಲ್ಲರ್ ಕಂಪನಿ ಮಾತ್ರ ದಶಕಗಳ ಕಾಲ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿತು. ಅದರ ಫಲವಾಗಿ ಬಂದ ಎರಡು ವಸ್ತುಗಳು ಇವತ್ತಿನ ಕಚೇರಿಯ ಚಹರೆಯನ್ನೇ ತಿದ್ದಿವೆ: 1960ರ ದಶಕದ 'ಆ್ಯಕ್ಷನ್ ಆಫೀಸ್' ಮತ್ತು 1994ರ 'ಏರಾನ್' ಕುರ್ಚಿ. ಮೊದಲನೆಯದು ಕ್ಯೂಬಿಕಲ್ಲುಗಳ ಮೂಲಪುರುಷ ಅಂತ ಬೈಸಿಕೊಂಡಿದೆ, ಎರಡನೆಯದು ವಿನ್ಯಾಸ ಕಾಲೇಜುಗಳಲ್ಲಿ ಪಾಠವಾಗಿದೆ. ಎರಡರ ಹಿಂದಿನ ಅಧ್ಯಯನವೂ ಹೆಚ್ಚುಕಡಿಮೆ ಒಂದೇ ತೂಕದ್ದು. ಹಾಗಿದ್ದ ಮೇಲೆ ಒಂದಕ್ಕೆ ಶಾಪ, ಇನ್ನೊಂದಕ್ಕೆ ಸನ್ಮಾನ ಯಾಕೆ?

ರಾಬರ್ಟ್ ಪ್ರಾಪ್ಸ್ಟ್ ಪೀಠೋಪಕರಣದ ಕಸುಬಿನಿಂದ ಬಂದವರಲ್ಲ. ಚಿತ್ರಕಲೆ ಕಲಿಸಿದ್ದರು, ಶಿಲ್ಪ ಮಾಡಿದ್ದರು, ತರಾವರಿ ಯಂತ್ರಗಳನ್ನು ಕಲ್ಪಿಸಿಕೊಂಡು ಕಾಗದದ ಮೇಲೆ ಬಿಡಿಸುತ್ತಿದ್ದರು. 1960ರಲ್ಲಿ ಕಂಪನಿ ಅವರ ಕೈಗೆ ಸಂಶೋಧನಾ ವಿಭಾಗವನ್ನು ಕೊಟ್ಟಿತು. ಅದು ಕಾರ್ಖಾನೆಯ ಗದ್ದಲದಿಂದ ದೂರ, ಆ್ಯನ್ ಆರ್ಬರ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿತ್ತು. ಗುಮಾಸ್ತರು, ವೈದ್ಯರು, ಲೆಕ್ಕಿಗರು ದಿನವಿಡೀ ಏನು ಮಾಡುತ್ತಾರೆ ಎಂದು ಅವರು ನೋಡುತ್ತಾ ಹೋದರು. ಕಣ್ಣಿಗೆ ಬೀಳದ ಕಾಗದ ಮನಸ್ಸಿನಿಂದಲೂ ಜಾರುತ್ತದೆ. ಆಳವಾದ ಡ್ರಾಯರು ಕಡತಗಳಿಗೆ ಸಮಾಧಿ. ಒಂದೇ ಭಂಗಿಯಲ್ಲಿ ಕೂತವನ ಬುದ್ಧಿ ಮಂಕಾಗುತ್ತದೆ, ಎದ್ದು ನಿಂತು ಕೆಲಸ ಮಾಡಲು ಅವಕಾಶ ಬೇಕು. ಇವತ್ತು ಆರೋಗ್ಯ ಪುರವಣಿಗಳಲ್ಲಿ ಹೊಸದೆಂಬಂತೆ ಅಚ್ಚಾಗುವ ಮಾತುಗಳನ್ನು ಅವರು ಅರವತ್ತು ವರ್ಷದ ಹಿಂದೆ ಬರೆದಿಟ್ಟಿದ್ದರು.

1964ರಲ್ಲಿ ಬಂದ ಮೊದಲ ಆ್ಯಕ್ಷನ್ ಆಫೀಸಿಗೆ ರೂಪ ಕೊಟ್ಟದ್ದು ವಿನ್ಯಾಸಕಾರ ಜಾರ್ಜ್ ನೆಲ್ಸನ್ ಅವರ ಸ್ಟುಡಿಯೊ. ನಿಂತು ಕೆಲಸ ಮಾಡುವ ಎತ್ತರದ ಮೇಜು, ಅರ್ಧ ಮುಗಿದ ಕೆಲಸವನ್ನು ಚದುರಿಸದೆ ಹಾಗೇ ಮುಚ್ಚಿಟ್ಟು ಮನೆಗೆ ಹೋಗಲು ಸುರುಳಿ ಮುಚ್ಚಳ, ಫೋನಿನಲ್ಲಿ ಮಾತಾಡಲು ಸದ್ದು ತಡೆಯುವ ಪುಟ್ಟ ಮೂಲೆ, ಹೊಳೆಯುವ ಅಲ್ಯೂಮಿನಿಯಂ ಕಾಲುಗಳು. ಚಿತ್ರಗಳನ್ನು ಇವತ್ತು ನೋಡಿದರೂ ಕಣ್ಣು ನಿಲ್ಲುತ್ತದೆ. ಪ್ರಶಸ್ತಿ ಬಂತು, ಗಿರಾಕಿ ಬರಲಿಲ್ಲ. ಬೆಲೆ ಹೆಚ್ಚಾಯಿತು, ನೂರಾರು ಜನರನ್ನು ಕೂರಿಸಬೇಕಾದ ಕಂಪನಿಗಳಿಗೆ ಅದು ಒಗ್ಗಲಿಲ್ಲ.

ಪ್ರಾಪ್ಸ್ಟ್ ಮತ್ತೆ ಕೂತು ಲೆಕ್ಕ ಹಾಕಿದರು. 1968ರ ಎರಡನೇ ಆವೃತ್ತಿಯಲ್ಲಿ ನೆಲ್ಸನ್ ಇಲ್ಲ. ಹಗುರವಾದ, ಬಿಚ್ಚಿ ಜೋಡಿಸಬಹುದಾದ ಪ್ಯಾನೆಲ್ಲುಗಳು; ಬೇಕಾದ ಎತ್ತರಕ್ಕೆ ತೂಗುಹಾಕುವ ಶೆಲ್ಫು, ಮೇಜಿನ ಹಲಗೆ. ಪ್ಯಾನೆಲ್ಲುಗಳು 120 ಡಿಗ್ರಿ ಕೋನದಲ್ಲಿ ತೆರೆದುಕೊಳ್ಳಬೇಕು, ಕೂತವನಿಗೆ ಒಂದಿಷ್ಟು ಮರೆಯೂ ಒಂದಿಷ್ಟು ಹೊರನೋಟವೂ ಸಿಗಬೇಕು ಎಂಬುದು ಅವರ ಆಸೆ. ಕೊಂಡವರು ಅದೇ ಪ್ಯಾನೆಲ್ಲನ್ನು 90 ಡಿಗ್ರಿಗೆ ಮಡಚಿದರು, ಯಾಕೆಂದರೆ ಚೌಕ ಮಾಡಿದರೆ ಅದೇ ಹಾಲಿನಲ್ಲಿ ಇನ್ನಷ್ಟು ಜನ ಹಿಡಿಯುತ್ತಾರೆ. ಅಮೆರಿಕದ ತೆರಿಗೆ ಲೆಕ್ಕದಲ್ಲಿ ಕಟ್ಟಡದ ಗೋಡೆಗಿಂತ ಪೀಠೋಪಕರಣದ ಸವಕಳಿಯನ್ನು ಬೇಗ ತೋರಿಸಬಹುದಿತ್ತು, ಅದೂ ನೆರವಾಯಿತು. ಬೇರೆ ಕಂಪನಿಗಳು ಅಗ್ಗದ ನಕಲು ಹೊರತಂದವು. 1970ರಲ್ಲೇ ನೆಲ್ಸನ್ ಕಂಪನಿಗೆ ಪತ್ರ ಬರೆದು, ಇದು ಮನುಷ್ಯರು ಇರಬೇಕಾದ ಜಾಗವಲ್ಲ, ಹೆಚ್ಚು ಜನರನ್ನು ತುಂಬಲು ಹೊರಟ ಯೋಜಕರಿಗೆ ಮಾತ್ರ ಒಪ್ಪುವಂಥದ್ದು ಎಂದು ಕಟುವಾಗಿ ಹೇಳಿದರು. 2000ದಲ್ಲಿ ತೀರಿಕೊಂಡ ಪ್ರಾಪ್ಸ್ಟ್ ಸಹ ಕೊನೆಗಾಲದಲ್ಲಿ ಈ ಕ್ಯೂಬಿಕಲ್ ಸಾಲುಗಳನ್ನು ಹುಚ್ಚುತನ ಎಂದೇ ಕರೆದರು.

ಒಳ್ಳೆಯವನೊಬ್ಬನ ಒಳ್ಳೆಯ ಕಲ್ಪನೆಯನ್ನು ದುರಾಸೆಯ ಕಂಪನಿಗಳು ಕೆಡಿಸಿದವು ಎಂದು ಈ ಕಥೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಇದು ಪ್ರಾಪ್ಸ್ಟ್‌ಗೆ ತೋರಿಸುವ ಅತಿಯಾದ ದಾಕ್ಷಿಣ್ಯ ಅನ್ನಿಸುತ್ತದೆ. 1968ರಲ್ಲಿ ತಮ್ಮ ಪುಸ್ತಕದ ಹೆಸರಿನಲ್ಲೇ ಅವರು ಕಚೇರಿಯನ್ನು ಬದಲಾವಣೆಯ ಮೇಲೆ ನಿಂತ ವ್ಯವಸ್ಥೆ ಎಂದು ಕರೆದಿದ್ದರು. ಬದಲಾಯಿಸುವ ಅಧಿಕಾರ ಯಾರದು ಎಂಬುದೇ ಪ್ರಶ್ನೆ. ಪ್ಯಾನೆಲ್ಲು ಎಷ್ಟೇ ಹಗುರ ಇರಲಿ, ಅದರ ಹಿಂದೆ ಕೂತ ಗುಮಾಸ್ತ ಅದನ್ನು ಎರಡಡಿ ಆಚೆ ಸರಿಸಲಾರ. ನಕ್ಷೆ ಇರುವುದು ಆಡಳಿತ ವಿಭಾಗದ ಕೈಯಲ್ಲಿ. ಹೇಗೆ ಬೇಕಾದರೂ ಜೋಡಿಸಬಹುದು ಎಂಬ ಗುಣ ಕೊಳ್ಳುವವರಿಗೆ ಸಿಕ್ಕ ಸ್ವಾತಂತ್ರ್ಯ, ಕೂರುವವರಿಗಲ್ಲ. ಪ್ರಾಪ್ಸ್ಟ್ ಕೆಲಸಗಾರನ ಕಣ್ಣು, ಕೈ, ಬೆನ್ನು, ಮರೆವು ಎಲ್ಲವನ್ನೂ ಗಮನಿಸಿದರು. ಖರೀದಿಯ ರುಜು ಹಾಕುವವನ ಸ್ವಭಾವವನ್ನು ಮಾತ್ರ ಅಧ್ಯಯನದ ವಿಷಯವೆಂದು ಎಣಿಸಲೇ ಇಲ್ಲ. ಚದರಡಿಗೆ ಬಾಡಿಗೆ ಕಟ್ಟುವವನು ಚದರಡಿಯ ಲೆಕ್ಕದಲ್ಲೇ ಯೋಚಿಸುತ್ತಾನೆ ಎಂದು ತಿಳಿಯಲು ಪ್ರಯೋಗಾಲಯ ಬೇಕಿರಲಿಲ್ಲ. ಇದು ಸಂಶೋಧನೆಯೊಳಗಿನದೇ ಕೊರತೆ, ಹೊರಗಿನವರ ದ್ರೋಹ ಅಂದು ಕೈತೊಳೆದುಕೊಳ್ಳುವ ಹಾಗಿಲ್ಲ.

ಏರಾನ್‌ನ ಕಥೆ ಬೇರೆ ದಾರಿ ಹಿಡಿಯಿತು. ಅದರ ವಿನ್ಯಾಸಕಾರ ಬಿಲ್ ಸ್ಟಂಫ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದಾಗ ಮೂಳೆತಜ್ಞರನ್ನೂ ರಕ್ತನಾಳದ ವೈದ್ಯರನ್ನೂ ಕಂಡು ಮಾತಾಡಿ, ಜನ ಕೂತಲ್ಲಿ ಹೇಗೆ ಮಿಸುಕಾಡುತ್ತಾರೆ ಎಂದು ಕ್ಯಾಮೆರಾ ಇಟ್ಟು ನೋಡಿದವರು. 1976ರ 'ಎರ್ಗಾನ್' ಕುರ್ಚಿ ಆ ಅಧ್ಯಯನದ ಕೂಸು. ಆಮೇಲೆ ಡಾನ್ ಚಾಡ್ವಿಕ್ ಜೊತೆ ಸೇರಿ ವಯಸ್ಸಾದವರಿಗಾಗಿ 'ಸಾರಾ' ಎಂಬ ಒರಗು ಕುರ್ಚಿಯೊಂದನ್ನು ರೂಪಿಸಿದರು. ಗಂಟೆಗಟ್ಟಲೆ ಫೋಮಿನ ಮೇಲೆ ಕೂರುವ ಮುದುಕರಿಗೆ ಮೈ ಬೆವರಿ, ಶಾಖ ಹೊರಹೋಗದೆ ಹುಣ್ಣಾಗುವುದನ್ನು ಕಂಡು ಫೋಮನ್ನು ತೆಳುಮಾಡಿ ಅಡಿಗೆ ಜಾಲರಿ ಕೊಟ್ಟರು. ಮುದುಕರಿಗೆ ಇದನ್ನು ಎಲ್ಲಿ ಮಾರುವುದು ಎಂದು ತಿಳಿಯದೆ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು. ಜಾಲರಿಯ ವಿಚಾರ ಮಾತ್ರ ಉಳಿದು, ಫೋಮೇ ಇಲ್ಲದ ಆಫೀಸು ಕುರ್ಚಿಯಾಗಿ 1994ರಲ್ಲಿ ಬಂತು. ಮುದುಕರ ಮೈನೋವಿನಿಂದ ಕಲಿತ ಪಾಠ ಕೊನೆಗೆ ಮೂವತ್ತರ ಪ್ರಾಯದ ಸಾಫ್ಟ್‌ವೇರ್ ಹುಡುಗರಿಗೆ ಮಾರಾಟವಾದದ್ದನ್ನು ವಿನ್ಯಾಸದ ಚರಿತ್ರೆಕಾರರು ಜಾಣ್ಮೆ ಅನ್ನುತ್ತಾರೆ. ಇರಲಿ.

ಮಾರುಕಟ್ಟೆಗೆ ಬಿಡುವ ಮೊದಲು ನಡೆದ ಪರೀಕ್ಷೆಯ ಅಂಕಗಳನ್ನು ಲೇಖಕ ಮಾಲ್ಕಂ ಗ್ಲ್ಯಾಡ್‌ವೆಲ್ 2005ರ 'ಬ್ಲಿಂಕ್' ಪುಸ್ತಕದಲ್ಲಿ ಕೊಟ್ಟಿದ್ದಾರೆ. ಆರಾಮಕ್ಕೆ ಹತ್ತರಲ್ಲಿ 4.75ರಿಂದ ಶುರುವಾಗಿ, ತಿದ್ದಿ ತಿದ್ದಿ 8 ದಾಟಿತು. ಚೆಂದಕ್ಕೆ ಸಿಕ್ಕಿದ್ದು ಮೊದಮೊದಲು 2, 3. ಎಷ್ಟು ತಿದ್ದಿದರೂ 6ರ ಮೇಲೆ ಏರಲಿಲ್ಲ. ಕಚೇರಿಗಳಿಗೆ ಸಾಮಾನು ಕೊಳ್ಳುವ ಅಧಿಕಾರಿಗಳಂತೂ ಮುಖ ಸಿಂಡರಿಸಿದರು, ದಿಂಬಿಲ್ಲದ ಕುರ್ಚಿ ಅವರ ಕಣ್ಣಿಗೆ ಅರ್ಧ ಕಟ್ಟಿ ಬಿಟ್ಟಂತೆ ಕಂಡಿತು. 1990ರ ದಶಕ ಮುಗಿಯುವ ಹೊತ್ತಿಗೆ ಅದೇ ರೂಪಕ್ಕೆ 8 ಅಂಕ.

ಸೌಂದರ್ಯದ ಸಂಶೋಧಕರಿಗೆ ಇದು ಬಿಕ್ಕಟ್ಟಿನ ಉದಾಹರಣೆ. 1995ರಲ್ಲಿ ಜಪಾನಿನ ಹಿಟಾಚಿ ವಿನ್ಯಾಸ ಕೇಂದ್ರದ ಕುರೊಸು ಮತ್ತು ಕಾಶಿಮುರ ಎಟಿಎಂ ಪರದೆಯ 26 ಮಾದರಿಗಳನ್ನು 252 ಜನರ ಮುಂದಿಟ್ಟರು. ಚೆಂದ ಕಂಡದ್ದನ್ನೇ ಜನ ಬಳಸಲು ಸುಲಭ ಅಂದರು. ಇಸ್ರೇಲಿನ ನೋಮ್ ಟ್ರಾಕ್ಟಿನ್ಸ್ಕಿ, ಸೌಂದರ್ಯದ ವ್ಯಾಮೋಹ ಜಪಾನಿಗಳದು, ನಮ್ಮವರಲ್ಲಿ ಹೀಗಾಗಲಾರದು ಎಂಬ ಅನುಮಾನದಿಂದ ಅದನ್ನು ಮತ್ತೆ ಮಾಡಿ ನೋಡಿದರೆ ಅಲ್ಲಿ ನಂಟು ಇನ್ನೂ ಗಟ್ಟಿಯಾಗಿಯೇ ಕಂಡಿತು. ಏರಾನ್ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಕೂತು ನೋಡಿ ಆರಾಮ ಅಂದವರೇ ಕಣ್ಣಿಗೆ ಹಿಡಿಸಲಿಲ್ಲ ಅಂದರು. ಗ್ಲ್ಯಾಡ್‌ವೆಲ್ ಇದಕ್ಕೆ ಕೊಡುವ ಉತ್ತರ ಸರಳ: ಜನಕ್ಕೆ ಅದು ಕುರೂಪವಾಗಿರಲಿಲ್ಲ, ಅಪರಿಚಿತವಾಗಿತ್ತು. ಕೇಳಲು ಹಿತವಾದ ಈ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಗೆದ್ದ ಕುರ್ಚಿಯನ್ನು ಹಿಡಿದುಕೊಂಡು ಹಿಂದಕ್ಕೆ ನೋಡಿದಾಗ ಮಾತ್ರ ಹೀಗೆ ಹೇಳಲು ಬರುತ್ತದೆ. 3 ಅಂಕ ಪಡೆದು 3ರಲ್ಲೇ ಸತ್ತ ವಸ್ತುಗಳ ಬಗ್ಗೆ ಯಾರೂ ಅಧ್ಯಾಯ ಬರೆಯುವುದಿಲ್ಲ. ಜೊತೆಗೆ 6 ಎಂಟಾದದ್ದು ಬರೀ ಕಣ್ಣು ಪಳಗಿದ್ದರಿಂದಲ್ಲ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತ್ತು. ಡಾಟ್‌ಕಾಂ ಕಂಪನಿಗಳು ಬಂಡವಾಳಿಗರ ದುಡ್ಡಿನಲ್ಲಿ ಸಾಲುಸಾಲಾಗಿ ಕೊಂಡು ಅದನ್ನು ಪ್ರತಿಷ್ಠೆಯ ಗುರುತು ಮಾಡಿದ್ದವು. ಶ್ರೀಮಂತರ ಮನೆಯ ಮಗಳು ಚೆಲುವೆಯಾಗಿ ಕಾಣುವ ಹಾಗೆ ಕುರ್ಚಿಯೂ ಕಂಡಿರಬಹುದು.

ನನ್ನ ಮಟ್ಟಿಗೆ ಅದರ ರೂಪದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅದುವರೆಗೆ ಕುರ್ಚಿಯ ಗಾತ್ರ ಹುದ್ದೆಗೆ ತಕ್ಕಂತೆ ಇರುತ್ತಿತ್ತು: ಸಾಹೇಬರಿಗೆ ತಲೆ ಮೀರಿದ ಬೆನ್ನು, ಟೈಪಿಸ್ಟಿಗೆ ಅಂಗೈಯಗಲದ ಆಸರೆ. ಏರಾನ್ ಮೈಯ ಅಳತೆಗೆ ತಕ್ಕಂತೆ ಎ, ಬಿ, ಸಿ ಎಂದು ಮೂರು ಗಾತ್ರದಲ್ಲಿ ಬಂತು. ಬೆನ್ನಿನ ಮೇಲಂಚಿನಲ್ಲಿ ಬೆರಳಾಡಿಸಿದರೆ ಸಣ್ಣ ಉಬ್ಬುಚುಕ್ಕೆಗಳು ತಗಲುತ್ತವೆ. ಒಂದಿದ್ದರೆ ಎ, ಎರಡಿದ್ದರೆ ಬಿ, ಮೂರಿದ್ದರೆ ಸಿ. ಕುಳ್ಳಗಿರುವ ಮ್ಯಾನೇಜರಿಗೆ ಒಂದು ಚುಕ್ಕೆ, ಆರಡಿ ಎತ್ತರದ ಅಟೆಂಡರಿಗೆ ಮೂರು. ಸೀಟಿನ ಕೆಳಗಿನ ಲಿವರು, ಗುಬುಟುಗಳು ಕೂತವರ ಕೈಗೆ ಸಿಗುತ್ತವೆ, ಯಾರನ್ನೂ ಕೇಳದೆ ಎತ್ತರ ಇಳಿಸಬಹುದು, ಹಿಂದಕ್ಕೆ ವಾಲುವ ಬಿಗಿ ಸಡಿಲಿಸಬಹುದು. ಪ್ರಾಪ್ಸ್ಟ್ ಕೊಡಲಾಗದ ಅಧಿಕಾರವನ್ನು ಸ್ಟಂಫ್ ಕೊಟ್ಟದ್ದು ಇಲ್ಲಿ. ಈ ಒಂದು ಕಾರಣಕ್ಕೆ ಏರಾನ್ ಆ್ಯಕ್ಷನ್ ಆಫೀಸಿಗಿಂತ ಮೇಲಿನ ಕೃತಿ.

ಅದರ ಮಿತಿಗಳು ನಮ್ಮವರು ಕೂತಾಗ ಎದ್ದು ಕಾಣುತ್ತವೆ. ಗಂಟೆಗಟ್ಟಲೆ ಕೂರಬೇಕಾದರೆ ಒಂದು ಕಾಲು ಮಡಚಿ ಕೂರುವವರು, ಚಪ್ಪಲಿ ಬಿಟ್ಟು ಚಕ್ಕಳಮಕ್ಕಳ ಹಾಕುವವರು ಬೆಂಗಳೂರಿನ ಯಾವ ಆಫೀಸಿನಲ್ಲೂ ಸಿಗುತ್ತಾರೆ. ಏರಾನ್‌ನಲ್ಲಿ ಹಾಗೆ ಕೂತರೆ ಜಾಲರಿ ಬಿಗಿದ ಗಟ್ಟಿ ಅಂಚು ಪಾದದ ಗಂಟಿಗೆ ಒತ್ತುತ್ತದೆ. ಸ್ಟಂಫ್‌ರ ಕ್ಯಾಮೆರಾ ಕಂಡ ಮಿಸುಕಾಟದಲ್ಲಿ ಈ ಭಂಗಿಗೆ ಜಾಗ ಸಿಕ್ಕಂತಿಲ್ಲ. ಸೀಟಿನ ಆಳವನ್ನು ಹಿಂದೆ ಮುಂದೆ ಮಾಡಲು ಬರುವುದಿಲ್ಲವಾದ್ದರಿಂದ ಗಾತ್ರ ತಪ್ಪಿದರೆ ಉಳಿದ ಲಿವರುಗಳೆಲ್ಲ ವ್ಯರ್ಥ. ಆದರೆ ಸಗಟಾಗಿ ಕೊಳ್ಳುವಾಗ ಮಧ್ಯದ ಗಾತ್ರವನ್ನೇ ಎಲ್ಲರಿಗೂ ತರಿಸುವುದು ಸಲೀಸು. ಮೂರು ಗಾತ್ರ ಮಾಡಿದ ಶ್ರಮ ಅಲ್ಲಿಗೆ ಮುಗಿಯಿತು.

ಮೇಜಿನದು ಇನ್ನೊಂದು ರಗಳೆ. ಮಾಮೂಲಿ ಆಫೀಸು ಮೇಜು ಸುಮಾರು 75 ಸೆಂಟಿಮೀಟರ್ ಎತ್ತರ, ಕದಲುವುದಿಲ್ಲ. ಐದಡಿ ಎತ್ತರದ ಹೆಣ್ಣುಮಗಳು ಕೀಬೋರ್ಡಿಗೆ ಮೊಣಕೈ ಸರಿಹೊಂದಲಿ ಎಂದು ಕುರ್ಚಿ ಏರಿಸಿದರೆ ಕಾಲು ನೆಲ ಬಿಡುತ್ತದೆ, ತೊಡೆಯ ಹಿಂಭಾಗ ಅಂಚಿಗೆ ಒತ್ತಿ ಜೋಮು ಹಿಡಿಯುತ್ತದೆ. ಪ್ರಿಂಟರ್ ಕಾಗದದ ರಟ್ಟಿನ ಡಬ್ಬಿಯನ್ನು ಕಾಲ್ಮಣೆ ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಭಾರತೀಯರ ದೇಹದ ಅಳತೆಗಳು ಇಲ್ಲವೆಂದಲ್ಲ. ದೇಬ್‌ಕುಮಾರ್ ಚಕ್ರವರ್ತಿ ಅವುಗಳನ್ನು ಕಲೆಹಾಕಿದ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಪ್ರಕಟಿಸಿತು. ಟೆಂಡರು ಬರೆಯುವವರ ಮೇಜಿನ ಮೇಲೆ ಆ ಪುಸ್ತಕ ಇರಬೇಕಿತ್ತು.

ಈಗ ಪ್ಯಾನೆಲ್ಲುಗಳೂ ಹೋಗಿವೆ. ಗೋಡೆ ಕೆಡವಿದರೆ ಜನ ಬೆರೆಯುತ್ತಾರೆ ಅಂದುಕೊಂಡು ಎಲ್ಲವನ್ನೂ ಬಯಲು ಮಾಡಿದರು. ಎರಡು ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ನೌಕರರ ಕೊರಳಿಗೆ ಸಂವೇದಕ ತೊಡಿಸಿ ಸಂಶೋಧಕರಾದ ಬರ್ನ್‌ಸ್ಟೀನ್ ಮತ್ತು ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮುಖಾಮುಖಿ ಮಾತು ಸುಮಾರು ಶೇ. 70ರಷ್ಟು ಕುಸಿಯಿತು, ಇಮೇಲ್ ಹೆಚ್ಚಿತು. ಅದರ ಮೇಲೆ ಯಾರಿಗೂ ಖಾಯಂ ಜಾಗವಿಲ್ಲದ ಹಾಟ್ ಡೆಸ್ಕ್ ಬೇರೆ. ಇವತ್ತು ನೀವು ಸರಿಮಾಡಿಕೊಂಡ ಲಿವರನ್ನು ನಾಳೆ ಇನ್ನೊಬ್ಬರು ತಿರುಗಿಸಿರುತ್ತಾರೆ. ಸ್ಟಂಫ್ ಕೂತವರ ಕೈಗೆ ಕೊಟ್ಟ ಪುಟ್ಟ ಅಧಿಕಾರವೂ ಹೀಗೆ ಜಾರಿಹೋಗುತ್ತಿದೆ.

ಇಷ್ಟೆಲ್ಲ ಬೆನ್ನಿನ ಚಿಂತೆ ಕಂಪ್ಯೂಟರ್ ಮುಂದೆ ಕೂರುವವರಿಗೆ ಮೀಸಲು ಎಂಬುದನ್ನೂ ಹೇಳದೆ ಈ ವಿಮರ್ಶೆ ಮುಗಿಯದು. ನಿಂತೇ ದುಡಿಯುವವರಿಗೆ ಅವಕಾಶ ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಸೆಕ್ಷನ್ ಹೇಳಿತ್ತು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳ ಹೋರಾಟದ ಮೇಲೆ ಕೇರಳ 2018ರಲ್ಲಿ, ಆಮೇಲೆ ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೂ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಬೇಕಾಯಿತು. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರುವವರಿಗಾಗಿ ಯಾವ ಮ್ಯೂಸಿಯಮ್ಮಿನವರೂ ಕುರ್ಚಿ ಸಂಗ್ರಹಿಸಿಲ್ಲ.

ನಿಮ್ಮ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಖರೀದಿ ಸಮಿತಿಯಲ್ಲಿ ನೀವು ಇದ್ದರೆ ಒಂದು ಮಾತು. ಕ್ಯಾಟಲಾಗು ನೋಡಿ ಆರ್ಡರ್ ಹಾಕಬೇಡಿ. ಎರಡು ಮೂರು ಮಾದರಿ ತರಿಸಿ, ಎಲ್ಲರಿಗಿಂತ ಕುಳ್ಳಗಿರುವವರನ್ನೂ ಎತ್ತರ ಇರುವವರನ್ನೂ ಎರಡು ವಾರ ಕೂರಿಸಿ, ಅವರು ಬೇಡ ಅಂದದ್ದನ್ನು ಎಷ್ಟೇ ಅಗ್ಗವಾದರೂ ವಾಪಸು ಕಳಿಸಿ.