ಹುಳಿ ಬಂದದ್ದು, ಹಳಸಿದ್ದು: ಒಂದು ಕೋಕಂ ಬಿಯರಿನ ರುಚಿವಿಮರ್ಶೆ

ಪುಸ್ತಕ, ನಾಟಕ, ಸಂಗೀತ ಕಛೇರಿಗಳ ವಿಮರ್ಶೆಗೆ ಮೀಸಲಾದ ಪುಟದಲ್ಲಿ ಬಿಯರಿನ ಮಾತು ಬಂದದ್ದನ್ನು ಕಂಡು ಕೆಲವು ಹಿರಿಯರು ಹುಬ್ಬೇರಿಸಬಹುದು. ಯಾರನ್ನೂ ಕುಡಿಯಿರೆಂದು ಪ್ರೇರೇಪಿಸುವುದು ನಮ್ಮ ಉದ್ದೇಶವಲ್ಲ. ಕುಡಿಯದವರು ಇದನ್ನು ಸಾರಿನ ಹದದ ಚರ್ಚೆಯೆಂದು ಓದಿಕೊಂಡರೂ ನಷ್ಟವಿಲ್ಲ. ವಿಷಯ ಎತ್ತಲು ಕಾರಣವಿದೆ. ದಕ್ಷಿಣ ಕನ್ನಡದ ಪುನರ್ಪುಳಿ, ಉತ್ತರ ಕನ್ನಡದ ಮುರುಗಲು, ಮರಾಠಿಗರ ಕೋಕಂ, ಹೀಗೆ ಮೂರು ಹೆಸರಿನ ಒಂದೇ ಹಣ್ಣು ಈಚಿನ ವರ್ಷಗಳಲ್ಲಿ ಪುಣೆ, ಮುಂಬಯಿಗಳ ಸಣ್ಣ ಬಿಯರ್ ತಯಾರಕರ ಕೈಗೆ ಸಿಕ್ಕಿದೆ. ಉಪ್ಪು, ಸಾಂಬಾರ ಜೀನಸುಗಳೊಡನೆ ಡಬ್ಬಿ ಸೇರಿ ಅದು ಪೇಟೆಗೆ ಬಂದಿದೆ. ನಮ್ಮ ಅಡಿಗೆಮನೆಯ ಪದಾರ್ಥ ಪೇಟೆಗೆ ಬಂದಾಗ ಅದರ ಹದವನ್ನು ಅಳೆಯಬೇಕಾದವರು ಯಾರು? ಆ ಹಣ್ಣಿನ ಸಾರು ಉಂಡು ಬೆಳೆದ ನಾವೇ ಅಲ್ಲವೇ?

ಹುಳಿ ಬಿಯರ್ ಇಂದಿನ ಹುಡುಗರ ಶೋಕಿಯೇನೂ ಅಲ್ಲ. ಜರ್ಮನಿಯ ಗೋಸ್ಲಾರ್ ಪಟ್ಟಣದಲ್ಲಿ ಹುಟ್ಟಿ, 18ನೆಯ ಶತಮಾನದಲ್ಲಿ ಲೈಪ್‌ಸಿಗ್ ನಗರದಲ್ಲಿ ನೆಲೆಯೂರಿದ ‘ಗೋಸೆ’ ಎಂಬ ಬಿಯರಿಗೆ ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕುವುದು ಸಂಪ್ರದಾಯ. ಬವೇರಿಯದಲ್ಲಿ 1516ರಲ್ಲಿ ಹೊರಟ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ ಹೂ, ನೀರು ಇಷ್ಟೇ ಸಾಕೆಂದು ವಿಧಿಸಿತ್ತು. ಗೋಸೆ ಆ ಚೌಕಟ್ಟಿಗೆ ಒಗ್ಗದ ಊರ ಪದ್ಧತಿ. ಎರಡನೆಯ ಮಹಾಯುದ್ಧದ ತರುವಾಯ ಅದು ಸೊರಗುತ್ತ ಬಂದು 1966ರಲ್ಲಿ ನಿಂತೇ ಹೋಯಿತು. 1980ರ ದಶಕದಲ್ಲಿ ಲೋಥಾರ್ ಗೋಲ್ಡ್‌ಹಾನ್ ಎಂಬವರು ಲೈಪ್‌ಸಿಗ್‌ನ ಹಳೆಯ ಪಾನಗೃಹವೊಂದನ್ನು ಮತ್ತೆ ತೆರೆದು, ಗೋಸೆ ಕುಡಿದಿದ್ದ ಹಳಬರನ್ನು ರುಚಿ ಹೇಗಿತ್ತೆಂದು ವಿಚಾರಿಸಿ, ಅದನ್ನು ಪುನಃ ತಯಾರಿಸುವ ಏರ್ಪಾಡು ಮಾಡಿದರು. ಹಳಬರ ನಾಲಿಗೆಯಲ್ಲಿ ರುಚಿಯ ನೆನಪೂ ಇತ್ತು, ಅದನ್ನು ಹೇಳುವ ಮಾತೂ ಇತ್ತು. ಎರಡರಲ್ಲಿ ಒಂದು ಇಲ್ಲದಿದ್ದರೂ ಅವರ ಕೆಲಸ ಬಹಳ ಕಷ್ಟವಾಗುತ್ತಿತ್ತು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಇಂದು ಇದನ್ನು ಮಾಡುವ ಕ್ರಮವೂ ನಮಗೆ ಅಪರಿಚಿತವಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚುಮಾಡಿ, ಬಿಸಿನೀರಿನಲ್ಲಿ ನೆನೆಸಿ, ಸಿಹಿಯಾದ ತಿಳಿಯನ್ನು ಬಸಿಯುತ್ತಾರೆ. ಅದನ್ನು ಬೆಚ್ಚಗೆ ಇಟ್ಟು ಲ್ಯಾಕ್ಟೋಬ್ಯಾಸಿಲಸ್ ಎಂಬ ಸೂಕ್ಷ್ಮಾಣುಗಳನ್ನು ಬಿಟ್ಟರೆ ಒಂದೆರಡು ದಿನಗಳಲ್ಲಿ ಹುಳಿ ಬರುತ್ತದೆ. ಆಮೇಲೆ ಕುದಿಸಿ, ಹುಳಿಯನ್ನು ಅಲ್ಲಿಗೇ ನಿಲ್ಲಿಸಿ, ಆರಿದ ಮೇಲೆ ಯೀಸ್ಟ್ ಹಾಕಿ ಹುದುಗಿಸುತ್ತಾರೆ. ಹಣ್ಣು ಸೇರುವುದು ಸಾಮಾನ್ಯವಾಗಿ ಆ ನಂತರ. ಹಾಲಿಗೆ ಹಾಕಿದ ಹೆಪ್ಪಿನಲ್ಲಿ, ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟಿನಲ್ಲಿ ಕೆಲಸ ಮಾಡುವ ಸೂಕ್ಷ್ಮಾಣುಗಳೂ ಇದೇ ಬಳಗದವು. ಹುಳಿ, ಉಪ್ಪು, ಕೊತ್ತಂಬರಿ ಎಂದರೆ ಬೇಸಗೆಯ ಮಸಾಲೆ ಮಜ್ಜಿಗೆಯ ಲೆಕ್ಕಾಚಾರವೇ ತಾನೆ!

ನಾವು ರುಚಿ ನೋಡಿದ್ದು ಪುಣೆಯಲ್ಲಿ ಕೊಂಡ ಒಂದು ಡಬ್ಬಿಯನ್ನು. ಕೋಕಂ, ಉಪ್ಪು, ಕೊತ್ತಂಬರಿ ಬೀಜ, ಹುರಿದ ಜೀರಿಗೆ, ಪುದೀನ ಎಂದು ಅದರ ಮೇಲೆ ಬರೆದಿತ್ತು. ತಯಾರಕರ ಹೆಸರು ಇಲ್ಲಿ ಅಪ್ರಸ್ತುತ. ಹದದ ಪ್ರಶ್ನೆ ಈ ಬಗೆಯ ಎಲ್ಲ ಬಿಯರುಗಳಿಗೂ ಸಲ್ಲುವಂಥದು. ಬಹಳ ತಣ್ಣಗಿದ್ದರೆ ನಾಲಿಗೆ ಮರಗಟ್ಟುವುದರಿಂದ ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಗ್ಲಾಸಿಗೆ ಬಗ್ಗಿಸಿದೆವು. ಬಣ್ಣ ಪುನರ್ಪುಳಿ ಸಾರಿನ ತಿಳಿಗೆಂಪು, ಕಣ್ಣಿಗೆ ಹಿತ. ನೊರೆ ಎದ್ದಷ್ಟೇ ಬೇಗ ಇಳಿಯಿತು. ಹುಳಿ ಬಿಯರಿನಲ್ಲಿ ಇದು ಸಾಮಾನ್ಯ, ದೋಷವೆಂದು ಎಣಿಸಬೇಕಿಲ್ಲ. ಬಿಯರನ್ನು ಎಂದೂ ಮುಟ್ಟದ, ಶಿರಸಿ ಕಡೆಯವರಾದ ನಮ್ಮ ಅತ್ತಿಗೆ ಗ್ಲಾಸನ್ನು ಒಮ್ಮೆ ಮೂಸಿ ನೋಡಿ, “ಹುಳಿ ಬಂದದ್ದು ಸರಿಯಾಗಿದೆ, ಹಳಸಿಲ್ಲ. ಆದರೆ ಜೀರಿಗೆ ಯಾಕೆ ಇಷ್ಟು ಸುರಿದಿದ್ದಾರೆ?” ಎಂದರು. ವಿಮರ್ಶೆಯ ಮುಕ್ಕಾಲು ಭಾಗ ಅಲ್ಲಿಗೇ ಮುಗಿಯಿತೆನ್ನಬೇಕು.

ಮೊದಲ ಗುಟುಕಿನಲ್ಲಿ ಸಿಗುವುದು ಮಜ್ಜಿಗೆಯಂಥ ದುಂಡಗಿನ ಹುಳಿ. ಅದರ ಬೆನ್ನಿಗೆ ಹಣ್ಣಿನ ಹುಳಿ, ತುಸು ಚೂಪಾಗಿ. ಎರಡು ಹುಳಿಗಳು ಜಗಳವಾಡದೆ ಒಂದರ ನಂತರ ಒಂದು ಬರುವಂತೆ ಕೂಡಿಸಿದ್ದು ತಯಾರಕರ ಜಾಣ್ಮೆ. ಉಪ್ಪಿನ ಪ್ರಮಾಣವಂತೂ ಮೆಚ್ಚತಕ್ಕದ್ದು. ಉಪ್ಪಾಗಿ ತೋರದೆ ಹಣ್ಣನ್ನು ಮುಂದಕ್ಕೆ ತರುವಷ್ಟೇ ಇದೆ. ಇಷ್ಟಕ್ಕೇ ನಿಂತಿದ್ದರೆ ನಾವು ಎರಡು ಮಾತಿಲ್ಲದೆ ಹೊಗಳುತ್ತಿದ್ದೆವು.

ಆದರೆ ಜೀರಿಗೆ ಹಾಗೆ ನಿಲ್ಲಗೊಡುವುದಿಲ್ಲ. ಮೂರನೆಯ ಗುಟುಕಿಗೆ ಕೋಕಂ ಹಿಂದೆ ಸರಿದು ರಸ್ತೆಬದಿಯ ಜಲಜೀರದ ನೆನಪಾಗುತ್ತದೆ. ಪುದೀನವೂ ಅದಕ್ಕೇ ಕೈ ಜೋಡಿಸುತ್ತದೆ. ಈ ಗದ್ದಲದಲ್ಲಿ ಕೊತ್ತಂಬರಿ ಬೀಜದ ನಸುಗಂಪು, ಮೂಲ ಗೋಸೆಯ ಜೀವವೇ ಅದು, ಕೇಳಿಸದೇ ಹೋಗಿದೆ. ಇನ್ನೊಂದು ಕೊರತೆಯೂ ಉಂಟು. ಮುರುಗಲು ಸಿಪ್ಪೆಯನ್ನು ಬಾಯಲ್ಲಿಟ್ಟವರಿಗೆ ಗೊತ್ತು, ಹುಳಿಯ ಕೊನೆಯಲ್ಲಿ ನಾಲಿಗೆಯ ಅಂಚನ್ನು ಹಿಡಿಯುವ ಒಂದು ಒಗರು ಇರುತ್ತದೆ. ಇಲ್ಲಿ ಅದರ ಬದಲು ಶರಬತ್ತಿನ ಸಿಹಿ ಉಳಿಯುತ್ತದೆ. ಒಗರು ಜನರಿಗೆ ಹಿಡಿಸದೆಂದು ಅದನ್ನು ತೆಗೆದಂತೆ ಕಾಣುತ್ತದೆ. ಒಗರು ತೆಗೆದ ಕೋಕಂ ಬರಿಯ ಬಣ್ಣ.

ಇನ್ನು ಡಬ್ಬಿಯ ಮೇಲಿನ ವರ್ಣನೆ. ‘ಟ್ಯಾಂಗಿ’, ‘ರಿಫ್ರೆಶಿಂಗ್’ ಎಂಬೆರಡು ಪದಗಳಲ್ಲಿ ಎಲ್ಲವೂ ಮುಗಿದಿದೆ. ಇಂಗ್ಲಿಷಿನಲ್ಲಿ ಕೆಟ್ಟ ಹಾಲೂ ‘ಸೌರ್’, ಒಳ್ಳೆಯ ಬಿಯರೂ ‘ಸೌರ್’. ನಮ್ಮಲ್ಲಿ ಹಾಗಲ್ಲ. ಹಿಟ್ಟು ಹುಳಿ ಬರುವುದು ಬೇರೆ, ಅನ್ನ ಹಳಸುವುದು ಬೇರೆ. ಮೊದಲನೆಯದು ಹದ, ಎರಡನೆಯದು ಕೇಡು. ಈ ಬಗೆಯ ಬಿಯರನ್ನು ಅಳೆಯಲು ಇದಕ್ಕಿಂತ ಉತ್ತಮ ಮಾನದಂಡ ಬೇಕೆ? ಹುಣಿಸೆಯ ಹುಳಿ, ಮಾವಿನ ಮಿಡಿಯ ಹುಳಿ, ಮಜ್ಜಿಗೆಯ ಹುಳಿ, ಹಲ್ಲು ಜುಮ್ಮೆನಿಸುವ ಹುಳಿ, ಒಗರು ಬೆರೆತ ಹುಳಿ, ಇವನ್ನೆಲ್ಲ ನಮ್ಮ ತಾಯಂದಿರು ನಿತ್ಯದ ಮಾತಿನಲ್ಲೇ ಬೇರೆಬೇರೆಯಾಗಿ ಗುರುತಿಸುತ್ತಿದ್ದರು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಅನೇಕ ಮಕ್ಕಳಿಗೆ ಎಲ್ಲವೂ ಒಂದೇ ‘ಖಟ್ಟಾ’. ಹೆಸರು ಮರೆತ ರುಚಿಯನ್ನು ಯಾರು ಹೇಗೆ ಬದಲಾಯಿಸಿದರೂ ತಿಳಿಯುವುದಿಲ್ಲ. ಒಗರು ಹೋಯಿತೆಂದು ಹೇಳಲು ‘ಒಗರು’ ಎಂಬ ಮಾತು ಬಾಯಲ್ಲಿ ಇರಬೇಕಷ್ಟೆ. ಲೈಪ್‌ಸಿಗ್‌ನ ಹಳಬರಂತೆ ನಾಳೆ ಯಾರಾದರೂ ನಮ್ಮನ್ನು ವಿಚಾರಿಸಿದರೆ ಉತ್ತರ ಕೊಡಲು ನಮ್ಮಲ್ಲಿ ಮಾತು ಉಳಿದಿರಬೇಕು.

ಒಟ್ಟಿನಲ್ಲಿ ಇದು ಹದವಾಗಿ ಹುಳಿ ಬಂದ, ಸಾಂಬಾರ ಹೆಚ್ಚಾದ ಬಿಯರು. ಜೀರಿಗೆ, ಪುದೀನಗಳನ್ನು ಪೂರ್ತಿ ಬಿಟ್ಟು, ಕೊತ್ತಂಬರಿ ಬೀಜವನ್ನು ಹದವಾಗಿ ಹುರಿದು ಜಜ್ಜಿ ಹಾಕಿ, ಬಿಸಿಲಲ್ಲಿ ಒಣಗಿಸಿದ ಸಿಪ್ಪೆಯನ್ನೇ ಬಳಸಿದರೆ ಮುಂದಿನ ಸಲ ಇದು ಮೊದಲ ದರ್ಜೆಗೆ ಏರೀತು. ಕುಡಿಯದ ವಾಚಕರಿಗೆ ನಮ್ಮ ಸೂಚನೆ ಇನ್ನೂ ಸುಲಭ. ಈ ಭಾನುವಾರ ಪುನರ್ಪುಳಿ ಸಾರು ಮಾಡಿ ಮಕ್ಕಳಿಗೆ ಬಡಿಸಿ, ಅದರಲ್ಲಿ ಎಷ್ಟು ರುಚಿಗಳಿವೆ ಎಂದು ಹೆಸರು ಹಿಡಿದು ಹೇಳಿಸಿರಿ.